ಅವ್ವನ ಕೋಣೆಯ ಡಿಗ್ರಿ

ಮೇ ತಿಂಗಳ ಮಧ್ಯಾಹ್ನ ಅವ್ವ ಶಾಲು ಹೊದ್ದು ಕೂತಿದ್ದಳು. ಹೊರಗೆ 41 ಡಿಗ್ರಿ. ನಾನು ನಕ್ಕು, ಒಂದು ಫೋಟೋ ತೆಗೆದು ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಅದೇ ಅವ್ವನ ಕೈಯಿಂದ ಚಹಾದ ಕಪ್ಪು ಜಾರಿ ಬಿದ್ದಾಗ ನಗು ಬರಲಿಲ್ಲ. ಬೆರಳುಗಳು ಸೆಟೆದು ತಣ್ಣಗಾಗಿದ್ದವು, ಮಾತು ತುಸು ತೊದಲುತ್ತಿತ್ತು. ಹಾಲಿನ ಗೋಡೆಯ ಮೇಲಿದ್ದ ಥರ್ಮೋಸ್ಟಾಟ್ ಮಾತ್ರ ಹಸಿರು ಅಕ್ಷರಗಳಲ್ಲಿ 23 ಎಂದು ತೋರಿಸುತ್ತಿತ್ತು.

ಅದನ್ನು ಆರಿಸಿದವನು ನಾನು. ಗೋಡೆಯಲ್ಲಿ ಜಾಗ ಗುರುತು ಹಾಕಿ ಕೊಟ್ಟವನೂ ನಾನೇ.

ಖುಲ್ತಾಬಾದಿನಲ್ಲಿ ಮನೆ ಬಿಸಿ ಮಾಡುವ ಯಂತ್ರ ಯಾಕೆ ಎಂದು ನೀವು ಕೇಳಬಹುದು. ಹೆಂಡತಿಗೆ ಛತ್ರಪತಿ ಸಂಭಾಜಿನಗರದ ಕಾಲೇಜಿನಲ್ಲಿ ಪಾಠ. ನನಗೆ ಪುಣೆಯ ಕಂಪನಿಯಲ್ಲಿ ಕೆಲಸ, 2020ರ ನಂತರ ಬಹುಪಾಲು ಮನೆಯಿಂದಲೇ. ಊರೊಳಗಿನ ಫ್ಲ್ಯಾಟಿಗೆ ಕೊಡುವ ದುಡ್ಡಿನಲ್ಲಿ ಘಾಟಿ ಹತ್ತಿದರೆ ಸ್ವಂತ ಮನೆ ಕಟ್ಟಿಸಬಹುದು ಎಂದು ಇಲ್ಲಿಗೆ ಬಂದೆವು. ಎತ್ತರದ ಜಾಗ, ಬಯಲು ಗಾಳಿ, ಚಳಿಗಾಲದ ಕೆಲವು ರಾತ್ರಿ ಪಾರಾ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಪ್ಪ ಹೋದ ಮೇಲೆ ಗದಗಿನಿಂದ ಅವ್ವನನ್ನೂ ಕರೆತಂದೆ. ಬೇಸಿಗೆಗೆ ಎಸಿ ಹೇಗೂ ಬೇಕಿತ್ತು. ಹಾಗಿದ್ದರೆ ಎರಡೂ ಕೆಲಸ ಮಾಡುವ ಹೀಟ್ ಪಂಪನ್ನೇ ಕೂರಿಸೋಣ, ಹಾಲಿಗೂ ಅವ್ವನ ಕೋಣೆಗೂ ಒಂದೇ ಯಂತ್ರದಿಂದ ಡಕ್ಟ್ ಎಳೆಯೋಣ ಎಂದು ಲೆಕ್ಕ ಹಾಕಿದೆ. ಕಾಯಿಲ್ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿ ಇರುವುದನ್ನು ಒಳಗೆ ಸಾಗಿಸುತ್ತದೆ. ನಮ್ಮ ಚಳಿಯಲ್ಲಿ ಒಂದಕ್ಕೆ ಮೂರರಷ್ಟು ಸಲೀಸಾಗಿ ಸಿಗುತ್ತದೆ. ಒಳಗಿರುವ ಒಂದು ಕವಾಟ ದಿಕ್ಕು ಬದಲಿಸಿದರೆ ಅದೇ ಯಂತ್ರ ಮೇ ತಿಂಗಳಲ್ಲಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ.

ಥರ್ಮೋಸ್ಟಾಟ್ ಆರಿಸಲು ಮೂರು ವಾರ ಹಿಡಿಯಿತು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಗಡಿಯಾರದ ಮುಖದಂಥ ಸ್ಮಾರ್ಟ್ ಥರ್ಮೋಸ್ಟಾಟ್ ಒಂದನ್ನು ಕಳಿಸಿದ. ನೋಡಲು ಚೆಂದ, ಆದರೆ ನಮ್ಮ ಯಂತ್ರಕ್ಕೆ ಆಗಿಬರುವಂಥದಲ್ಲ. ಅಲ್ಲಿನ ವ್ಯವಸ್ಥೆ 24 ವೋಲ್ಟಿನದು, ಒಂದೊಂದು ತಂತಿಗೆ ಒಂದೊಂದು ಅಪ್ಪಣೆ: ಒಂದು ಫ್ಯಾನಿಗೆ, ಒಂದು ಕಂಪ್ರೆಸರಿಗೆ, ಮತ್ತೊಂದು ದಿಕ್ಕು ಬದಲಿಸುವ ಕವಾಟಕ್ಕೆ. ಕೆಲವು ತಯಾರಕರು ತಂಪಿಗೆ ಆ ಕವಾಟಕ್ಕೆ ವಿದ್ಯುತ್ ಕೊಡುತ್ತಾರೆ, ಕೆಲವರು ಬಿಸಿಗೆ. ಇದನ್ನು ತಿರುವುಮುರುವು ಮಾಡಿದರೆ ತಂಪು ಕೇಳಿದಾಗ ಬಿಸಿ ಬರುತ್ತದೆ. ನಮ್ಮದು ಇನ್ವರ್ಟರ್ ಯಂತ್ರ. ಅದು ಪೂರ್ತಿ ಓಡುವುದು ಅಥವಾ ನಿಲ್ಲುವುದು ಎಂಬ ಎರಡೇ ಸ್ಥಿತಿಯದಲ್ಲ, ಅರ್ಧ ವೇಗ, ಕಾಲು ವೇಗವೂ ಉಂಟು. ತನ್ನದೇ ಡೇಟಾ ತಂತಿಯ ಮೇಲೆ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಉಡುಗೊರೆ ಡ್ರಾಯರಿಗೆ ಹೋಯಿತು. ತಯಾರಕರದೇ ಗೋಡೆ ಕಂಟ್ರೋಲರ್ ತಂದೆ. ನಾನು ಅದರಲ್ಲಿ ನೋಡಿದ್ದು ಇಷ್ಟು: ಕರೆಂಟು ಹೋಗಿ ಬಂದರೆ ಹಳೆಯ ಸೆಟ್ಟಿಂಗ್ ನೆನಪಿರಬೇಕು, ಮಕ್ಕಳು ಒತ್ತದಂತೆ ಲಾಕ್ ಇರಬೇಕು, ಮುಖ್ಯವಾಗಿ ಅದರೊಳಗೇ ಸೆನ್ಸರ್ ಇರಬೇಕು. ಛಾವಣಿಯ ಹತ್ತಿರ ಯಂತ್ರದ ಒಳಗೇ ಇರುವ ಸೆನ್ಸರನ್ನು ಚಳಿಗಾಲದಲ್ಲಿ ನಂಬುವಂತಿಲ್ಲ. ಬಿಸಿ ಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ, ಕೆಳಗೆ ಕೂತವರು ನಡುಗುತ್ತಿರುವಾಗಲೇ ಯಂತ್ರ ಸಾಕೆಂದು ನಿಧಾನಿಸುತ್ತದೆ.

ಕೂರಿಸುವ ನಿಯಮಗಳೂ ಗೊತ್ತಿದ್ದವು. ನೆಲದಿಂದ ಐದಡಿ ಎತ್ತರ, ಒಳಗೋಡೆ, ಬಿಸಿಲು ಬೀಳಬಾರದು, ಡಕ್ಟಿನ ಗಾಳಿ ನೇರ ಬಡಿಯಬಾರದು, ಹಿಂದಿನ ಪೈಪಿನ ತೂತನ್ನು ಮುಚ್ಚಬೇಕು, ಇಲ್ಲದಿದ್ದರೆ ಗೋಡೆಯೊಳಗಿನ ಗಾಳಿ ಬಂದು ಸೆನ್ಸರಿಗೆ ಸುಳ್ಳು ಹೇಳುತ್ತದೆ. ಎಲ್ಲವನ್ನೂ ಪಾಲಿಸಿ, ಎಲೆಕ್ಟ್ರಿಷಿಯನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. ಆ ಗುರುತು ಇದ್ದದ್ದು ನನ್ನ ಕೆಲಸದ ಮೇಜಿನ ಮೇಲುಗಡೆ.

ಕಪ್ಪು ಬಿದ್ದ ದಿನ ಡಾಕ್ಟರು ಬಂದು ನೋಡಿದರು, ಬಿಸಿ ಬಟ್ಟೆ, ಬಿಸಿ ಪಾನಕ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅವ್ವ ಸರಿಯಾದಳು. ವಯಸ್ಸಾದವರಿಗೆ ಚಳಿ ತಾಗುವುದೇ ತಡವಾಗಿ ತಿಳಿಯುತ್ತದೆ, ಅವರು ಹೇಳಲಿ ಎಂದು ಕಾಯಬಾರದು ಎಂದು ನನಗೆ ಬುದ್ಧಿ ಹೇಳಿದರು. ಅವತ್ತು ರಾತ್ರಿ ಅವ್ವನ ಕೋಣೆಯಲ್ಲಿ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಇಟ್ಟೆ. ಬೆಳಗಿನ ಜಾವ 15.5. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದ ಮನೆಯೊಳಗೆ 18ಕ್ಕಿಂತ ಕಡಿಮೆ ಬೇಡ ಎಂದಿದೆ, ವಯಸ್ಸಾದವರಿಗೆ ಇನ್ನೂ ಹೆಚ್ಚಿರಬೇಕಾದೀತು.

ಸಂಜೆ ಕಾಲು ಮಲಿಕ್ ಅಂಬರನ ಗೋರಿಯ ಕಡೆ ಎಳೆಯಿತು. ತಲೆ ಕೆಟ್ಟಾಗ ನಾನು ಹೋಗುವ ಜಾಗ ಅದು. ಔರಂಗಜೇಬನ ಸಮಾಧಿಗೆ ಜನ ಬರುತ್ತಾರೆ, ಈ ಕಡೆ ಬರುವವರು ಕಡಿಮೆ. ಇಥಿಯೋಪಿಯಾದಿಂದ ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದು, ಅಹ್ಮದನಗರದ ನಿಜಾಮಶಾಹಿಯನ್ನೇ ನಡೆಸಿದವನು. ನಮ್ಮ ವಿಜಾಪುರದವರಿಗೆ ಅವನ ಮೇಲೆ ಸಿಟ್ಟಿರಬೇಕು, ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಸೆಪಟ್ಟು ಕಟ್ಟಿಸಿದ ನೌರಸಪುರವನ್ನು 1624ರಲ್ಲಿ ಹಾಳುಗೆಡವಿದವನು ಇವನೇ. ಆದರೆ ಖಡ್ಕಿ ಎಂಬ ಹಳ್ಳಿಯನ್ನು ಊರು ಮಾಡಿ, ಅದೇ ಮುಂದೆ ಔರಂಗಾಬಾದ್, ಈಗ ಸಂಭಾಜಿನಗರ, ಅಲ್ಲಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದವನೂ ಅವನೇ. ನಹರ್-ಎ-ಅಂಬರಿ. ಪಂಪಿಲ್ಲ, ಬರೀ ಇಳಿಜಾರು. ದಾರಿಯಲ್ಲಿ ಅಲ್ಲಲ್ಲಿ ಗಾರೆ ಗೋಪುರಗಳು. ವಿಜಾಪುರ ನೋಡಿದವರಿಗೆ ಊರಿನಲ್ಲಿ ನಿಂತಿರುವ ನೀರಿನ ಗಂಜ್‌ಗಳು ನೆನಪಿದ್ದರೆ ಇವು ಅರ್ಥವಾಗುತ್ತವೆ. ಕೊಳವೆಯಲ್ಲಿ ಒತ್ತಡ ಹೆಚ್ಚಾದರೆ ನೀರು ಗೋಪುರದಲ್ಲಿ ತಾನೇ ಮೇಲೇರಿ ಒತ್ತಡ ಇಳಿಸುತ್ತದೆ. ಕಾವಲಿಗೆ ಯಾರೂ ಬೇಕಿಲ್ಲ.

ಅಂಬರ್ ತೀರಿಕೊಂಡದ್ದು 1626ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಂಡನ್ನಿನಲ್ಲಿ ಕಾರ್ನೆಲಿಸ್ ಡ್ರೆಬಲ್ ಎಂಬ ಡಚ್ಚಿನವನು ಕೋಳಿಮೊಟ್ಟೆ ಮರಿ ಮಾಡುವ ಒಂದು ಒಲೆ ಕಟ್ಟಿದ್ದ. ಒಲೆಯೊಳಗೆ ಗಾಜಿನ ಬುರುಡೆಯಲ್ಲಿ ಮದ್ಯಸಾರ, ಅದಕ್ಕೆ ತಗುಲಿದಂತೆ ಬಾಗಿದ ಕೊಳವೆಯಲ್ಲಿ ಪಾದರಸ. ಶಾಖ ಏರಿದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಗಾಳಿಯ ಬಾಗಿಲನ್ನು ಮುಚ್ಚುತ್ತದೆ, ಬೆಂಕಿ ತಗ್ಗುತ್ತದೆ. ತನ್ನ ಶಾಖವನ್ನು ತಾನೇ ನೋಡಿಕೊಳ್ಳುವ ಯಂತ್ರಗಳಲ್ಲಿ ನಮಗೆ ಗೊತ್ತಿರುವ ಮೊದಲನೆಯದು ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಡ್ರೆಬಲ್‌ಗೆ ಒಂದು ಅನುಕೂಲ ಇತ್ತು: ಬುರುಡೆ ಇದ್ದದ್ದು ಮೊಟ್ಟೆ ಇರುವ ಒಲೆಯಲ್ಲೇ.

ಆಮೇಲಿನ ಚರಿತ್ರೆ ಬೇಗ ಹೇಳಬಹುದು. 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರಕ್ಕಾಗಿ ಎರಡು ಲೋಹದ ಪಟ್ಟಿ ಬೆಸೆದ. ಶಾಖಕ್ಕೆ ಒಂದು ಹೆಚ್ಚು, ಒಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಇದೇ ಬಾಗುವಿಕೆಯಿಂದ ಶಾಖ ನಿಯಂತ್ರಿಸುವ ಸಾಧನಕ್ಕೆ ಪೇಟೆಂಟ್ ಪಡೆದು ಥರ್ಮೋಸ್ಟಾಟ್ ಎಂದು ಹೆಸರಿಟ್ಟ. 1852ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಒಂದೇ ಯಂತ್ರದಿಂದ ಕಟ್ಟಡವನ್ನು ಬಿಸಿಯನ್ನೂ ತಂಪನ್ನೂ ಮಾಡಬಹುದು ಎಂದು ಬರೆದ. ನನ್ನ ಛಾವಣಿಯಲ್ಲಿರುವ ಯಂತ್ರದ ಮುತ್ತಜ್ಜ ಆ ಲೇಖನ. ಕಟ್ಟಡ ಬಿಸಿ ಮಾಡಲು ಅದು ನಿಜವಾಗಿ ಹೆಸರು ಮಾಡಿದ್ದು 1938ರ ಹೊತ್ತಿಗೆ, ಜ್ಯೂರಿಕ್ ಪುರಭವನದಲ್ಲಿ, ಪಕ್ಕದ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಎತ್ತಿ.

ನನಗೆ ಹೆಚ್ಚು ಹಿಡಿಸುವುದು ನಡುವಿನ ಒಂದು ಸಣ್ಣ ಘಟ್ಟ. ಅಮೆರಿಕದ ವಿಸ್ಕಾನ್ಸಿನ್ನಿನ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರು. ಚಳಿಗಾಲದಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಗಂಟೆಗೊಮ್ಮೆ ಎಲ್ಲ ತರಗತಿಗಳೊಳಗೆ ಬಂದು ಥರ್ಮಾಮೀಟರ್ ನೋಡಿ ಹೋಗಬೇಕಿತ್ತು, ಪಾಠ ಕೆಡುತ್ತಿತ್ತು. ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ಸಾಧನ ಬೆಂಕಿಯನ್ನು ಹೆಚ್ಚು ಕಡಿಮೆ ಮಾಡುತ್ತಿರಲಿಲ್ಲ. ತರಗತಿಯಲ್ಲಿ ಚಳಿಯಾದರೆ ಕೆಳಗೆ ಬಾಯ್ಲರ್ ಮನೆಯಲ್ಲಿ ಗಂಟೆ ಬಾರಿಸುತ್ತಿತ್ತು, ಅಷ್ಟೆ. ಮನುಷ್ಯ ಇನ್ನೂ ಇದ್ದ, ಅವನ ಕಣ್ಣು ಮಾತ್ರ ತರಗತಿಯಲ್ಲೇ ಉಳಿಯಿತು. ಕೆಲವೇ ವರ್ಷಗಳಲ್ಲಿ ಮಿನಿಯಾಪೊಲಿಸ್ಸಿನ ಆಲ್ಬರ್ಟ್ ಬಟ್ಜ್ ಒಲೆಯ ಗಾಳಿಬಾಗಿಲನ್ನೇ ತೆರೆದು ಮುಚ್ಚುವ ಸಾಧನ ಮಾಡಿದ. ಮನೆಯವರು ನಿದ್ದೆಗಣ್ಣಿನಲ್ಲಿ ನೆಲಮಾಳಿಗೆಗೆ ಇಳಿಯುವುದು ತಪ್ಪಿತು.

ನಮ್ಮ ಕಡೆ ಈ ಕೆಲಸ ಬಹುಕಾಲ ಮನುಷ್ಯರದೇ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬೆರೆಸಿದ ನೀರಿನಲ್ಲಿ ಹೂಜಿ ತಿರುಗಿಸಿ ಕುಡಿಯುವ ನೀರು ತಣ್ಣಗೆ ಮಾಡುತ್ತಿದ್ದುದನ್ನು ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಲಾವಂಚದ ತಟ್ಟಿಗೆ ನೀರೆರಚುವವರು, ಬ್ರಿಟಿಷರ ಕಾಲದಲ್ಲಿ ವರಾಂಡದಲ್ಲಿ ಕೂತು ಹಗ್ಗ ಎಳೆಯುವ ಪಂಖಾದವರು. ಆ ಪಂಖಾದವನು ಒಳಗಿನ ಸೆಕೆಯನ್ನು ತಿಳಿಯುತ್ತಿದ್ದದ್ದು ಸಾಹೇಬನ ಬೈಗುಳದಿಂದ. ತೂಕಡಿಸಿದವನನ್ನು ಒದ್ದು, ಕೆಲವೊಮ್ಮೆ ಅವನು ಸತ್ತೇ ಹೋಗಿ, ಪ್ರಕರಣ ಕೋರ್ಟಿಗೆ ಬಂದದ್ದೂ ಉಂಟು. ಮನುಷ್ಯರಿಲ್ಲದೆ ನಡೆದದ್ದೆಂದರೆ ಕಲ್ಲು ಮತ್ತು ನೀರು. ಸಂಭಾಜಿನಗರದ ಪಾನಚಕ್ಕಿಗೆ ಹೋದವರು ಗಿರಣಿ ನೋಡಿ ಬಂದುಬಿಡುತ್ತಾರೆ. ಅಲ್ಲಿನ ಉದ್ದನೆಯ ಕೊಳದ ತಳವೇ ಕೆಳಗಿನ ದೊಡ್ಡ ಹಜಾರದ ಚಾವಣಿ, ತಲೆಯ ಮೇಲೆ ನೀರು ನಿಂತಿರುವುದರಿಂದ ಬೇಸಿಗೆಯಲ್ಲೂ ಕೆಳಗೆ ತಂಪು. ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರಿನ ಎಲ್ಲೋರದಲ್ಲೂ ಹಾಗೆಯೇ. ರಾಷ್ಟ್ರಕೂಟ ಒಂದನೇ ಕೃಷ್ಣನ ಕೈಲಾಸ ನೋಡಲು ನೂಕುನುಗ್ಗಲು. ಬೆವರು ಒರೆಸಿಕೊಂಡು ಪಕ್ಕದ ಬೌದ್ಧ ವಿಹಾರಗಳ ಒಳಕೋಣೆಗೆ ಹೋಗಿ ಹತ್ತು ನಿಮಿಷ ಕೂತರೆ ಗೊತ್ತಾಗುತ್ತದೆ, ಬಂಡೆ ಹಗಲು ರಾತ್ರಿಯ ಏರಿಳಿತವನ್ನೆಲ್ಲ ತಾನೇ ನುಂಗಿಕೊಂಡಿರುತ್ತದೆ. ಅಲ್ಲಿ ಮಲಗಿದವನ ಬೆನ್ನಿಗೆ ತಾಗುವುದೂ ಕೋಣೆಯ ಶಾಖವೂ ಬೇರೆಬೇರೆಯಲ್ಲ.

ಇಪ್ಪತ್ತನೇ ಶತಮಾನದಲ್ಲಿ ಶಾಖ ಒಂದು ಸಂಖ್ಯೆಯಾಯಿತು. ಯಾರ ಸಂಖ್ಯೆ? ಕಚೇರಿಗಳ ಹಿತಕರ ಉಷ್ಣತೆಯ ಮಾನದಂಡಗಳು 1960ರ ದಶಕದ ಲೆಕ್ಕಗಳ ಮೇಲೆ ನಿಂತಿವೆ. ಅವುಗಳಲ್ಲಿ ದೇಹ ಹುಟ್ಟಿಸುವ ಶಾಖದ ಅಳತೆ 40 ವರ್ಷದ, 70 ಕಿಲೋ ತೂಕದ ಗಂಡಸಿನದು ಎಂದು 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ತೋರಿಸಿದರು. ಹೆಂಗಸರ ದೇಹಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಇದನ್ನು ಓದಿದಾಗ ನಾನು ತೂಕದ ಯಂತ್ರದ ಮೇಲೆ ನಿಂತು ನೋಡಿದೆ: 71. ನಮ್ಮ ದೇಶದಲ್ಲಿ 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಗೇ ಶುರುವಾಗಬೇಕೆಂದು ನಿಯಮ ಬಂತು. ಕರೆಂಟು ಉಳಿಸಲು ಒಳ್ಳೆಯ ನಿಯಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ 24 ಎಲ್ಲಿಯದು ಎಂಬುದು ಸೆನ್ಸರ್ ಎಲ್ಲಿದೆಯೋ ಅಲ್ಲಿಯದು ಮಾತ್ರ.

ಅಂಬರನ ಗೋರಿಯಿಂದ ಮನೆಗೆ ಬಂದು ನನ್ನ ಮೇಜಿನ ಮುಂದೆ ನಿಂತು ನೋಡಿದೆ. ಥರ್ಮೋಸ್ಟಾಟಿನ ಕೆಳಗೆ ಎರಡು ಮಾನಿಟರ್, ಲ್ಯಾಪ್‌ಟಾಪ್, ರೌಟರ್, ಇಡೀ ರಾತ್ರಿ ಬೆಚ್ಚಗಿರುವ ಯುಪಿಎಸ್. ಅಮೆರಿಕದ ಕಾಲ್ ಇದ್ದ ದಿನ ರಾತ್ರಿ ಒಂದರವರೆಗೆ ನಾನೂ. ಗೋಡೆಯ ಆಚೆ ಬದಿ ಅಡುಗೆಮನೆಯ ಫ್ರಿಜ್ಜಿನ ಬೆನ್ನು. ಫ್ರಿಜ್ಜೂ ಒಂದು ಹೀಟ್ ಪಂಪೇ. ಒಳಗಿನ ತರಕಾರಿಯ ಶಾಖವನ್ನು ಎತ್ತಿ ಹಿಂದಿನ ಗೋಡೆಗೆ ಹಾಕುತ್ತದೆ. ಒಂದು ಹೀಟ್ ಪಂಪ್ ಇನ್ನೊಂದರ ಕಣ್ಣಿಗೆ ಮಣ್ಣೆರಚುತ್ತಿತ್ತು. ಡಿಸೆಂಬರಿನಲ್ಲಿ ಮನೆಯೆಲ್ಲ ಬೆಚ್ಚಗಿದೆ ಎಂದು ಯಂತ್ರ ಸುಮ್ಮನಾಗುತ್ತಿತ್ತು. ಮೇ ತಿಂಗಳಲ್ಲಿ ಮನೆಯೆಲ್ಲ ಸೆಕೆ ಎಂದು ಅವ್ವನ ಕೋಣೆಗೂ ತಣ್ಣನೆಯ ಗಾಳಿ ಸುರಿಯುತ್ತಿತ್ತು. ಎರಡು ಕಾಲದಲ್ಲೂ ಚಳಿ ಅವಳದೇ. ನನ್ನ ವೃತ್ತಿಯಲ್ಲಿ ಡ್ಯಾಶ್‌ಬೋರ್ಡ್ ಹಸಿರಾಗಿದ್ದು ಪ್ರಾಜೆಕ್ಟ್ ಹೊತ್ತಿ ಉರಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ, ಜೂನಿಯರ್‌ಗಳಿಗೆ ಅದರ ಮೇಲೆ ಭಾಷಣವನ್ನೂ ಬಿಗಿದಿದ್ದೇನೆ.

ಮೇ ತಿಂಗಳಲ್ಲೇ ಯಾಕೆ ಹೇಳಲಿಲ್ಲ ಎಂದು ಅವ್ವನನ್ನು ಕೇಳಿದೆ.

"ಹೇಳಿದ್ನಲ್ಲೋ. ನೀ ಫೋಟೋ ತಗದಿ."

ಮರುದಿನ ಗೋಡೆ ಕೊರೆದೆವು. ನಾಲ್ಕೆಳೆಯ ತಂತಿಯನ್ನು ಅವ್ವನ ಕೋಣೆಗೆ ಎಳೆದು, ಹಾಸಿಗೆಯಿಂದ ಎರಡು ಮಾರು ದೂರದ ಒಳಗೋಡೆಯ ಮೇಲೆ ಕಂಟ್ರೋಲರ್ ಕೂರಿಸಿದೆವು. ಎಲೆಕ್ಟ್ರಿಷಿಯನ್ ಐದಡಿಗೆ ಟೇಪು ಹಿಡಿದ. ಅವ್ವನನ್ನು ನಿಲ್ಲಿಸಿ ನೋಡಿದರೆ ಅಂಕಿ ಕಾಣಲು ಅವಳು ಕತ್ತೆತ್ತಬೇಕು. ನಾಲ್ಕಡಿಗೆ ಇಳಿಸಿದೆವು. ಹಳೆಯ ತೂತಿಗೆ ಪುಟ್ಟಿ ತುಂಬಿದೆ, ಬಣ್ಣ ಇನ್ನೂ ಹೊಂದಿಲ್ಲ. ಈಗ ಅವಳ ಕೋಣೆ 21 ಇರುವಾಗ ಹಾಲು 24 ದಾಟುತ್ತದೆ, ನಾನು ಜನವರಿಯ ರಾತ್ರಿಯಲ್ಲಿ ಬನಿಯನ್ನಿನ ಮೇಲೆ ಕಾಲ್ ತಗೊಳ್ಳುತ್ತೇನೆ, ಕ್ಯಾಮೆರಾ ಆಫ್. ಹಾಲಿನ ಕಡೆಯ ಡಕ್ಟಿಗೆ ಒಂದು ತಡೆಬಾಗಿಲು ಹಾಕಿಸಬೇಕು.

ಮಕ್ಕಳಿಗೆಂದು ಹಾಕಿದ್ದ ಲಾಕ್ ಮೊದಲ ಎರಡು ದಿನ ಹಾಗೇ ಇತ್ತು, ನನಗೆ ಮರೆತಿತ್ತು. ಮೂರನೆಯ ದಿನ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಇದನ್ನ ನಾ ಮುಟ್ಟಿದ್ರ ನಡೀತದೇನು?" ಲಾಕ್ ತೆಗೆದು, ಮೇಲಿನ ಬಾಣ ಬಿಸಿಗೆ, ಕೆಳಗಿನ ಬಾಣ ತಂಪಿಗೆ ಎಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು, ಕೆಳಗಿನ ಬಾಣವನ್ನು ಎರಡು ಸಲ ಒತ್ತಿದಳು. 19.

"ಅವ್ವಾ, 21 ಇರಲಿ."

"ಕೌದಿ ಅದ. ಬಿಲ್ಲು ಯಾರ ತುಂಬತಾರ?" ಎಂದು ಕನ್ನಡಕ ತೆಗೆದಳು. ನಾನು ಹೋದ ಮೇಲೆ ನೋಡಿದರೆ 20 ಆಗಿತ್ತು.