ಐಪಿ ವಿಳಾಸ ಸಿಕ್ಕಿತೆಂದರೆ ಆಸಾಮಿ ಸಿಕ್ಕಂತಲ್ಲ! ಪೋರ್ಟ್, ಪ್ರೊಟೊಕಾಲ್, ಲಾಗ್ ಬಗ್ಗೆ ನೆಟ್‌ವರ್ಕ್ ಅಡ್ಮಿನ್‌ಗಳು ತಿಳಿದಿರಲೇಬೇಕಾದ್ದು

ಕಲಬುರಗಿ ಕಡೆಯಿಂದ ರಾತ್ರಿ ಬಸ್ ಹತ್ತಿದವರು ಬೆಳಗಿನ ಜಾವ ಸೊಲ್ಲಾಪುರ ರಸ್ತೆಯ ಹಡಪ್ಸರ್‌ನಲ್ಲಿ ಇಳಿದರೆ ಪುಣೆಯ ಮಗರಪಟ್ಟಾ ಅಲ್ಲಿಂದ ಹತ್ತಿರವೇ. ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಯಷ್ಟು ಜಮೀನನ್ನು ತುಂಡು ತುಂಡಾಗಿ ಮಾರದೆ, ಒಟ್ಟುಗೂಡಿಸಿ 2000ದ ಸುಮಾರಿಗೆ ಕಟ್ಟಲು ಶುರು ಮಾಡಿದ ಟೌನ್‌ಶಿಪ್ ಇದು. ಕಬ್ಬು ಬೆಳೆಯುತ್ತಿದ್ದ ಹೊಲಗಳ ಜಾಗದಲ್ಲಿ ಈಗ ಸೈಬರ್‌ಸಿಟಿಯ ಗಾಜಿನ ಟವರ್‌ಗಳಿವೆ. ಅಲ್ಲಿ ಸರ್ವರ್, ಫೈರ್‌ವಾಲ್ ನೋಡಿಕೊಳ್ಳುವವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ.

ಇಂಥ ಟವರಿನ ಗೇಟಿನ ಮುಂದೆ ಐದು ನಿಮಿಷ ನಿಂತರೆ ಇಂಟರ್ನೆಟ್ ವಿಳಾಸದ ಅರ್ಧ ಪಾಠ ಮುಗಿಯುತ್ತದೆ. ಕೊರಿಯರ್ ಹುಡುಗ ತಂದ ಲಕೋಟೆಯ ಮೇಲೆ ಬರೀ ಟವರಿನ ಹೆಸರಿದ್ದರೆ ಅದು ರಿಸೆಪ್ಷನ್‌ನಲ್ಲೇ ಕೊಳೆಯುತ್ತದೆ. ಎಷ್ಟನೇ ಮಹಡಿ, ಯಾವ ಕಂಪನಿ, ಯಾರಿಗೆ ಎಂದು ಬರೆದಿರಬೇಕು. ನಿನ್ನೆ ಒಳಗೆ ಬಂದು ಹೋದವರು ಯಾರು ಎಂದು ಕೇಳಿದರೆ ಸೆಕ್ಯುರಿಟಿಯವರು ರಿಜಿಸ್ಟರ್ ತೆರೆಯುತ್ತಾರೆ. ಅದರಲ್ಲಿ ಸಮಯದ ಕಾಲಂ ತಪ್ಪಿದ್ದರೆ ಬೇರೆ ಯಾರದೋ ಹೆಸರು ಮುಂದೆ ಬರುತ್ತದೆ.

ಇದು ಬರೀ ಹೋಲಿಕೆಯಲ್ಲ. ಇದೇ ಪುಣೆಗೂ ನಮ್ಮ ಬೆಂಗಳೂರಿಗೂ ನಡುವೆ ಹೀಗೆಯೇ ನಡೆದುಹೋಗಿದೆ.

ಸಮಯದ ಗೊಂದಲ, 50 ದಿನ ಜೈಲು

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಐಟಿ ಉದ್ಯೋಗಿಯನ್ನು ಬಂಧಿಸಿದರು. ಆಗ ಎಲ್ಲರ ಬಾಯಲ್ಲೂ ಇದ್ದ ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪ. ಗೂಗಲ್‌ನಿಂದ ಐಪಿ ವಿಳಾಸ ಬಂತು. ಆ ಹೊತ್ತಿನಲ್ಲಿ ಆ ವಿಳಾಸ ಯಾರ ಬಳಿ ಇತ್ತು ಎಂಬುದಕ್ಕೆ ಇಂಟರ್ನೆಟ್ ಸೇವಾ ಕಂಪನಿಯಿಂದ ಒಂದು ಹೆಸರು ಬಂತು. ಆ ಹೆಸರಿನವರು ಪುಣೆಯ ಜೈಲಿನಲ್ಲಿ 50 ದಿನ ಕಳೆದರು. ಕೊನೆಗೆ ತಿಳಿದದ್ದು, ಕಂಪನಿ ಕೊಟ್ಟ ವಿವರವೇ ತಪ್ಪು! ಪೋಸ್ಟ್ ಮಾಡಿದ್ದು ಮಧ್ಯರಾತ್ರಿ ಕಳೆದು 1.15ಕ್ಕೋ, ಮಧ್ಯಾಹ್ನ 1.15ಕ್ಕೋ ಎಂಬುದು ಸ್ಪಷ್ಟವಾಗಿರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು.

12 ಗಂಟೆಯ ವ್ಯತ್ಯಾಸಕ್ಕೆ ಬೇರೆ ಮನುಷ್ಯ ಹೇಗೆ ಸಿಕ್ಕಿಬೀಳುತ್ತಾನೆ? ಮನೆ ಇಂಟರ್ನೆಟ್ ಚಂದಾದಾರರಿಗೆ ಸಾಮಾನ್ಯವಾಗಿ ಖಾಯಂ ವಿಳಾಸ ಕೊಡುವುದಿಲ್ಲ. ಮೋಡೆಮ್ ಆನ್ ಮಾಡಿದಾಗ ಖಾಲಿ ಇರುವ ಯಾವುದೋ ಒಂದು ವಿಳಾಸ ಸಿಗುತ್ತದೆ, ಆಫ್ ಮಾಡಿದರೆ ಅದು ಮತ್ತೊಬ್ಬರಿಗೆ ಹೋಗುತ್ತದೆ. ಲಾಡ್ಜಿನ ರೂಮಿನ ಹಾಗೆ. ರೂಮ್ ನಂಬರ್ 203ರಲ್ಲಿ ಇದ್ದವರು ಯಾರು ಎಂದು ಕೇಳುವುದಕ್ಕೆ ಅರ್ಥವಿಲ್ಲ, ಯಾವಾಗ ಎಂದು ಸೇರಿಸಿ ಕೇಳಬೇಕು.

ಅಂದು ಸಮಯ ಸರಿಯಿದ್ದಿದ್ದರೆ ಸಾಕಿತ್ತು. ಇಂದು ಸಮಯ ಸರಿಯಿದ್ದರೂ ಸಾಲದು. ಅದು ಏಕೆಂದು ತಿಳಿಯಲು ವಿಳಾಸದ ಲೆಕ್ಕಾಚಾರವನ್ನು ಸ್ವಲ್ಪ ನೋಡಬೇಕು.

ಪಿನ್ ಕೋಡ್ ಗೊತ್ತಿದ್ದರೆ ಐಪಿ ಕಷ್ಟವಲ್ಲ

ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. 411 ಎಂದರೆ ಪುಣೆ, 560 ಎಂದರೆ ಬೆಂಗಳೂರು. ಚೆನ್ನೈನಲ್ಲಿ ಅಂಚೆ ವಿಂಗಡಿಸುವವರಿಗೆ ಹಡಪ್ಸರ್‌ನ ಗಲ್ಲಿಗಳು ಗೊತ್ತಿರಬೇಕಾಗಿಲ್ಲ, ಮೊದಲ ಅಂಕಿಗಳನ್ನು ನೋಡಿ ಚೀಲಕ್ಕೆ ಹಾಕಿದರೆ ಆಯಿತು. ಐಪಿ ವಿಳಾಸವೂ ಹಾಗೆಯೇ. ಎಡಭಾಗ ಯಾವ ನೆಟ್‌ವರ್ಕ್ ಎಂದು ಹೇಳುತ್ತದೆ, ಬಲಭಾಗ ಅದರೊಳಗಿನ ಯಂತ್ರ ಯಾವುದು ಎಂದು ಹೇಳುತ್ತದೆ. ವಿಳಾಸದ ಕೊನೆಗೆ /24 ಎಂದು ಬರೆದಿದ್ದರೆ ಮೊದಲ 24 ಬಿಟ್ ನೆಟ್‌ವರ್ಕಿನದು, ಉಳಿದ 8 ಬಿಟ್‌ನಲ್ಲಿ 256 ವಿಳಾಸಗಳು. ಅವುಗಳಲ್ಲಿ ಮೊದಲನೆಯದು ನೆಟ್‌ವರ್ಕ್ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ ಮೀಸಲು. ಯಂತ್ರಗಳಿಗೆ ಸಿಗುವುದು 254.

1981ರಲ್ಲಿ ನಿಗದಿಯಾದ ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಒಟ್ಟು ಸಾಧ್ಯವಿರುವುದು ಸುಮಾರು 430 ಕೋಟಿ. ಆಗ ಅದು ಸಮುದ್ರದಷ್ಟು ಅನ್ನಿಸಿತ್ತು. ಜಾಗತಿಕ ಖಜಾನೆಯ ಕೊನೆಯ ಕಂತು 2011ರ ಫೆಬ್ರವರಿ 3ರಂದು ಹಂಚಿಹೋಯಿತು. ನಮ್ಮ ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಎಪಿನಿಕ್ ಅದೇ ವರ್ಷ ಏಪ್ರಿಲ್‌ನಿಂದ ರೇಷನ್ ಪದ್ಧತಿಗೆ ಇಳಿಯಿತು. ಭಾರತದಲ್ಲಿ ಈ ಹಂಚಿಕೆ ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆಯಡಿ ಇರುವ ಐರಿನ್.

ಕೊರತೆಗೆ ಕಂಡುಕೊಂಡ ದಾರಿ ಒಂದೇ ಬಾಗಿಲು, ಒಳಗೆ ನೂರು ಜನ. 10ರಿಂದ ಶುರುವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು ಖಾಸಗಿ ಬಳಕೆಗೆ ಎಂದು 1996ರಲ್ಲಿ ಮೀಸಲಾದವು. ಮಗರಪಟ್ಟಾದ ಆಫೀಸಿನಲ್ಲೂ 192.168.1.10 ಇರಬಹುದು, ಧಾರವಾಡದ ನಿಮ್ಮ ಮನೆಯಲ್ಲೂ ಇರಬಹುದು. ಇಬ್ಬರೂ ಹೊರಗೆ ಕಾಣಿಸುವುದು ರೌಟರ್‌ನ ಸಾರ್ವಜನಿಕ ವಿಳಾಸದಿಂದ. ಈ ವೇಷ ಬದಲಾವಣೆಗೆ ನ್ಯಾಟ್ ಎಂದು ಹೆಸರು.

ಪೋರ್ಟ್ ಎಂಬ ಫ್ಲಾಟ್ ನಂಬರ್

ಒಳಗಿನ ನೂರು ಜನಕ್ಕೆ ಬರುವ ಉತ್ತರಗಳನ್ನು ರೌಟರ್ ಹೇಗೆ ಸರಿಯಾಗಿ ತಲುಪಿಸುತ್ತದೆ? ಇಲ್ಲಿ ಬರುತ್ತದೆ ಪೋರ್ಟ್. ಇದು 0ಯಿಂದ 65,535ರವರೆಗಿನ ಒಂದು ಸಂಖ್ಯೆ. ಪ್ರತಿ ಸಂಪರ್ಕಕ್ಕೂ ಎರಡು ಪೋರ್ಟ್ ಇರುತ್ತವೆ, ಹೊರಟ ಕಡೆ ಒಂದು, ತಲುಪುವ ಕಡೆ ಒಂದು.

ತಲುಪುವ ಕಡೆಯದ್ದು ಎಲ್ಲರಿಗೂ ಪರಿಚಿತ. ಸುರಕ್ಷಿತ ವೆಬ್‌ಗೆ 443, ಹಳೆಯ ವೆಬ್‌ಗೆ 80, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್‌ಗೆ 53, ಮೇಲ್ ಸರ್ವರ್‌ಗಳ ನಡುವಿನ ಮಾತುಕತೆಗೆ 25, ಗಡಿಯಾರ ಹೊಂದಿಸುವ ಎನ್‌ಟಿಪಿಗೆ 123. ದೂರದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22 ಸಿಕ್ಕ ಕಥೆ ಚೆನ್ನಾಗಿದೆ. 1995ರಲ್ಲಿ ಅದನ್ನು ಬರೆದ ಫಿನ್ಲೆಂಡಿನ ತಾತು ಯುಲೋನೆನ್ ಅವರಿಗೆ ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವೆ 22 ಖಾಲಿ ಇರುವುದು ಕಂಡಿತು. ಒಂದು ಇಮೇಲ್ ಬರೆದು ಕೇಳಿದರು, ಸಿಕ್ಕಿಬಿಟ್ಟಿತು. ಈಗಿನ ಕಾಲದಲ್ಲಿ ಅಷ್ಟು ಸುಲಭವಲ್ಲ ಬಿಡಿ!

ಹೊರಡುವ ಕಡೆಯ ಪೋರ್ಟ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅದನ್ನು ಕಂಪ್ಯೂಟರ್ ತನಗೆ ತೋಚಿದಂತೆ ಆರಿಸಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಟ್ಟುಬಿಡುತ್ತದೆ. ಆದರೆ ನ್ಯಾಟ್ ನಿಂತಿರುವುದೇ ಅದರ ಮೇಲೆ. 203.0.113.25ರ 40217ನೇ ಪೋರ್ಟ್ ಎಂದರೆ ಒಳಗಿನ 192.168.1.10 ಎಂದು ರೌಟರ್ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಸಂಪರ್ಕ ಮುಗಿದ ಸ್ವಲ್ಪ ಹೊತ್ತಿಗೆ ಆ ಸಾಲು ಅಳಿಸಿಹೋಗುತ್ತದೆ. ಲಾಗ್ ಇಡದಿದ್ದರೆ ಮತ್ತೆ ಅದು ಯಾರೆಂದು ಬ್ರಹ್ಮನೂ ಹೇಳಲಾರ.

ಒಂದೇ ವಿಳಾಸ, ಹತ್ತಾರು ಮನೆ

2007ರಲ್ಲಿ ನ್ಯಾಟ್ ಬಹುಮಟ್ಟಿಗೆ ಮನೆ, ಆಫೀಸಿನ ರೌಟರ್‌ನಲ್ಲಿ ಇತ್ತು. ವಿಳಾಸ ಬರಿದಾದ ಮೇಲೆ ಸೇವಾ ಕಂಪನಿಗಳೂ ಅದೇ ಉಪಾಯ ಹೂಡಿದವು. ಇದು ಸಿಜಿನ್ಯಾಟ್. ಮನೆಯ ರೌಟರ್‌ಗೆ ಸಿಗುವುದೇ ಇನ್ನೊಂದು ಒಳ ವಿಳಾಸ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸರಣಿಯನ್ನು ಮೀಸಲಿಟ್ಟರು. ನಿಮ್ಮ ರೌಟರ್‌ನ ಹೊರಗಿನ ವಿಳಾಸ ಈ ಸರಣಿಯಲ್ಲಿದ್ದರೆ ನೀವೂ ಸಾಲಿನಲ್ಲಿದ್ದೀರಿ ಎಂದರ್ಥ. ಮನೆಯ ಸಿಸಿಟಿವಿ ಊರಿಂದ ನೇರವಾಗಿ ತೆರೆಯದಿರುವುದಕ್ಕೆ, ಏನೂ ತಪ್ಪು ಮಾಡದಿದ್ದರೂ ಜಾಲತಾಣಗಳು ಪದೇ ಪದೇ 'ನೀವು ರೋಬೋ ಅಲ್ಲ ತಾನೇ?' ಎಂದು ಕೇಳುವುದಕ್ಕೆ ಇದೂ ಒಂದು ಕಾರಣ. ಯಾರೋ ಮಾಡಿದ ಕಿತಾಪತಿಗೆ ಆ ವಿಳಾಸ ಹಂಚಿಕೊಂಡವರೆಲ್ಲ ಅನುಮಾನಿತರು.

ಲೆಕ್ಕ ಹಾಕಿ ನೋಡಿ. ಮೊದಲ 1,024 ಪೋರ್ಟ್ ಬಿಟ್ಟರೆ ಉಳಿಯುವುದು 64,512. ಚಂದಾದಾರರೊಬ್ಬರಿಗೆ 512 ಪೋರ್ಟ್‌ಗಳ ಒಂದು ಕಂತೆ ಕೊಟ್ಟರೆ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಒಂದೇ ಸೆಕೆಂಡಿನಲ್ಲಿ 126 ಮನೆ. ಈಗ ಪೊಲೀಸರು ವಿಳಾಸ ಮತ್ತು ಸಮಯ ಎರಡನ್ನೂ ಚೂರೂ ತಪ್ಪಿಲ್ಲದೆ ಕೊಟ್ಟರೂ ಉತ್ತರ 126 ಹೆಸರು. ಹೊರಟ ಕಡೆಯ ಪೋರ್ಟ್ ಇದ್ದರೆ ಮಾತ್ರ ಒಂದು ಹೆಸರು.

ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್ ಇದನ್ನು 2011ರಲ್ಲೇ ಹೇಳಿತ್ತು. ಸರ್ವರ್‌ಗಳು ಬಂದವರ ವಿಳಾಸದ ಜೊತೆ ಅವರ ಪೋರ್ಟನ್ನೂ ನಿಖರ ಸಮಯವನ್ನೂ ಬರೆದಿಡಬೇಕು ಎಂಬುದು ಅದರ 6302ನೇ ದಾಖಲೆಯ ಸಲಹೆ. ಆದರೆ ಹೆಚ್ಚಾಗಿ ಬಳಸುವ ಅಪಾಚೆ, ಎನ್‌ಜಿನೆಕ್ಸ್ ವೆಬ್ ಸರ್ವರ್‌ಗಳ ಮಾಮೂಲಿ ಲಾಗ್‌ನಲ್ಲಿ ಇಂದಿಗೂ ಈ ಪೋರ್ಟ್ ಇರುವುದಿಲ್ಲ. ಅಡ್ಮಿನ್ ಆದವರು ಲಾಗ್ ವಿನ್ಯಾಸಕ್ಕೆ ಕೈಯಾರೆ ಸೇರಿಸಬೇಕು. ಒಂದು ಸಾಲಿನ ಕೆಲಸ.

ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದರೆ ಇನ್ನೊಂದು ತೊಡಕಿದೆ. ವೆಬ್ ಸರ್ವರ್‌ಗೆ ಕಾಣುವುದು ಬ್ಯಾಲೆನ್ಸರ್‌ನ ವಿಳಾಸ, ಬ್ಯಾಲೆನ್ಸರ್‌ನ ಪೋರ್ಟ್. ಗ್ರಾಹಕರ ವಿಳಾಸವನ್ನು ಹೆಡರ್‌ನಲ್ಲಿ ದಾಟಿಸುವ ರೂಢಿಯಿದೆ, ಪೋರ್ಟನ್ನು ಬಹುತೇಕರು ದಾಟಿಸುವುದಿಲ್ಲ. ಹಾಗಾಗಿ ಮೊದಲು ಸಂಪರ್ಕ ಸ್ವೀಕರಿಸುವ ಯಂತ್ರದಲ್ಲೇ ಲಾಗ್ ಆಗಬೇಕು. ಹೆಡರ್ ಅನ್ನು ಯಾರು ಬೇಕಾದರೂ ಸುಳ್ಳು ಬರೆದು ಕಳಿಸಬಹುದು ಎಂಬುದೂ ನೆನಪಿರಲಿ.

ಟಿಸಿಪಿಯೋ, ಯುಡಿಪಿಯೋ?

ಪೋರ್ಟ್ ನಂಬರ್ ಹೇಳಿದರೆ ಮಾತು ಮುಗಿಯಲಿಲ್ಲ, ಯಾವ ಪ್ರೊಟೊಕಾಲ್ ಎಂದೂ ಹೇಳಬೇಕು. ಟಿಸಿಪಿಯ 443 ಬೇರೆ, ಯುಡಿಪಿಯ 443 ಬೇರೆ. ಟಿಸಿಪಿ ರಿಜಿಸ್ಟರ್ಡ್ ಪೋಸ್ಟ್ ಇದ್ದಂತೆ. ಮೊದಲು ಮೂರು ಹೆಜ್ಜೆಯ ಪರಿಚಯ, ಆಮೇಲೆ ತಲುಪಿದ್ದಕ್ಕೆಲ್ಲ ಸ್ವೀಕೃತಿ. ಯುಡಿಪಿ ಸಾದಾ ಕಾರ್ಡು, ಹಾಕಿ ಮರೆತುಬಿಡುವುದು. 2021ರಲ್ಲಿ ಮಾನದಂಡವಾದ ಕ್ವಿಕ್ ಪ್ರೊಟೊಕಾಲ್ ಬಂದ ಮೇಲೆ ವೆಬ್ ಸಂಚಾರದ ದೊಡ್ಡ ಪಾಲು ಯುಡಿಪಿ 443ರಲ್ಲಿ ಓಡುತ್ತಿದೆ. ಫೈರ್‌ವಾಲ್‌ನಲ್ಲಿ ಟಿಸಿಪಿಗೆ ಮಾತ್ರ ನಿಯಮ ಬರೆದು ಎಲ್ಲವನ್ನೂ ಗಮನಿಸುತ್ತಿದ್ದೇನೆ ಎಂದುಕೊಂಡವರಿಗೆ ಅರ್ಧ ಸಂಚಾರ ಕಾಣುತ್ತಿಲ್ಲದಿರಬಹುದು.

ಪಿಂಗ್‌ಗೆ ಪೋರ್ಟೇ ಇಲ್ಲ. ಅದು ಐಸಿಎಂಪಿ ಎಂಬ ಬೇರೆಯೇ ಪ್ರೊಟೊಕಾಲ್. 'ಪಿಂಗ್ ಆಗ್ತಿದೆ ಸರ್, ಆದ್ರೂ ಸೈಟ್ ಓಪನ್ ಆಗ್ತಿಲ್ಲ' ಎಂಬ ದೂರಿನಲ್ಲಿ ವಿಚಿತ್ರವೇನೂ ಇಲ್ಲ. ಕಟ್ಟಡ ಅಲ್ಲೇ ಇದೆ, ಫ್ಲಾಟಿನ ಬಾಗಿಲು ಹಾಕಿದೆ ಅಷ್ಟೇ.

ಹಾಕಿಯೇ ಇರಬೇಕಾದ ಬಾಗಿಲುಗಳೂ ಇವೆ. ವಿಂಡೋಸ್ ಫೈಲ್ ಹಂಚಿಕೆಯ 445 ಅವುಗಳಲ್ಲಿ ಮೊದಲನೆಯದು. 2017ರ ಮೇ 12ರಂದು ವನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಅದೇ ಬಾಗಿಲಿನಿಂದ, ಅದೂ ಮೈಕ್ರೋಸಾಫ್ಟ್ ಪರಿಹಾರ ಬಿಡುಗಡೆ ಮಾಡಿ ಎರಡು ತಿಂಗಳಾದ ಮೇಲೆ. ರಿಮೋಟ್ ಡೆಸ್ಕ್‌ಟಾಪ್‌ನ 3389, ಟೆಲ್ನೆಟ್‌ನ 23 ಕೂಡ ನೇರವಾಗಿ ಇಂಟರ್ನೆಟ್‌ಗೆ ತೆರೆದಿರಬಾರದು. ಎಸ್‌ಎಸ್‌ಎಚ್ ಅನ್ನು 22ರಿಂದ ಬೇರೆ ನಂಬರ್‌ಗೆ ಬದಲಿಸಿದರೆ ಲಾಗ್‌ನ ಗದ್ದಲ ಕಡಿಮೆಯಾಗುತ್ತದೆ, ಬೀಗ ಗಟ್ಟಿಯಾಗುವುದಿಲ್ಲ.

ಗಡಿಯಾರ ಸರಿಯಿದೆಯೇ?

ಮತ್ತೆ ಆ 1.15ರ ವಿಷಯಕ್ಕೆ ಬರೋಣ. ಹೊರದೇಶದ ಕಂಪನಿಗಳ ದಾಖಲೆ ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯುಟಿಸಿ 13.15 ಎಂದರೆ ನಮ್ಮಲ್ಲಿ ಸಂಜೆ 6.45. ಯುಟಿಸಿ 20.00 ಎಂದರೆ ನಮ್ಮಲ್ಲಿ ದಿನಾಂಕವೇ ಬದಲಾಗಿ ಮರುದಿನದ 1.30. ವಲಯ ಬರೆಯದ ಸಮಯ ಅರ್ಧ ಸಮಯ. ಲಾಗ್‌ನಲ್ಲಿ 24 ಗಂಟೆಯ ಲೆಕ್ಕವಿರಲಿ, ಪಕ್ಕದಲ್ಲಿ +05:30 ಇರಲಿ. ಸಿಜಿನ್ಯಾಟ್‌ನಲ್ಲಿ ಒಂದೇ ಪೋರ್ಟ್ ನಿಮಿಷದೊಳಗೆ ಕೈ ಬದಲಿಸಬಹುದಾದ್ದರಿಂದ ಸೆಕೆಂಡಿನವರೆಗೆ ನಿಖರತೆ ಬೇಕು.

ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇದನ್ನು ಕಾನೂನಿನ ಬಾಧ್ಯತೆಯಾಗಿಸಿದೆ. ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಅಥವಾ ಎನ್‌ಐಸಿಯ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 180 ದಿನಗಳ ಕಡತದಲ್ಲಿ ಪೋರ್ಟ್ ಕಾಲಂ ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ, ಯಾರೆಂದು ಗೊತ್ತಾಗುವುದಿಲ್ಲ.

ಹೊಸ ವಿಳಾಸ ಬಂದರೆ?

ಐಪಿ ಆರನೇ ಆವೃತ್ತಿಯ ವಿಳಾಸ 128 ಬಿಟ್‌ಗಳದ್ದು, ಕೊರತೆಯ ಮಾತೇ ಇಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಭಾರತ ಇದರ ಬಳಕೆಯಲ್ಲಿ ಮುಂಚೂಣಿ ದೇಶಗಳ ಸಾಲಿಗೆ ಸೇರಿದೆ. ಇಲ್ಲಿ ನ್ಯಾಟ್ ಬೇಡ, ಮನೆಮನೆಗೆ ಸ್ವಂತ ಸರಣಿ. ಆದರೆ ಫೋನ್, ಲ್ಯಾಪ್‌ಟಾಪ್‌ಗಳು ಗೋಪ್ಯತೆಗಾಗಿ ವಿಳಾಸದ ಬಲಭಾಗವನ್ನು ಆಗಾಗ ಬದಲಿಸುತ್ತಿರುತ್ತವೆ. ಆದ್ದರಿಂದ ಮನೆ ಯಾವುದೆಂದು ತಿಳಿಯುತ್ತದೆಯೇ ಹೊರತು ಮನೆಯಲ್ಲಿ ಯಾರು ಎಂಬುದಲ್ಲ. ಹಳೆಯ ಆವೃತ್ತಿಗೆ ಮಾತ್ರ ಫೈರ್‌ವಾಲ್ ನಿಯಮ ಬರೆದು ಹೊಸದನ್ನು ಹಾಗೇ ತೆರೆದಿಟ್ಟ ಕಚೇರಿಗಳೂ ಇವೆ. ನ್ಯಾಟ್ ಇದ್ದಾಗ ತಾನಾಗಿಯೇ ಮುಚ್ಚಿಕೊಂಡಿದ್ದ ಬಾಗಿಲು ಅಲ್ಲಿ ತೆರೆದಿರುತ್ತದೆ.

ನಾಳೆ ನಿಮ್ಮ ಕಂಪನಿಗೆ ಪೊಲೀಸರ ಪತ್ರ ಬಂತು ಎಂದುಕೊಳ್ಳಿ: ಇಂಥ ವಿಳಾಸ, ಇಂಥ ದಿನ, 1.15ಕ್ಕೆ ಬಳಸಿದವರು ಯಾರು? ಕಂಪ್ಯೂಟರ್ ಮುಂದೆ ಕೂತು ಹೆಸರು ಹುಡುಕುವ ಮೊದಲು ಲಿಖಿತವಾಗಿ ಮೂರು ಪ್ರಶ್ನೆ ವಾಪಸ್ ಕೇಳಿ. ಬೆಳಗಿನ ಜಾವವೋ, ಮಧ್ಯಾಹ್ನವೋ? ಭಾರತೀಯ ಕಾಲಮಾನವೋ, ಯುಟಿಸಿಯೋ? ಹೊರಟ ಕಡೆಯ ಪೋರ್ಟ್ ಎಷ್ಟು? ಪೋರ್ಟ್ ಇಲ್ಲ ಎಂಬ ಉತ್ತರ ಬಂದರೆ, ಆ ಹೊತ್ತಿನಲ್ಲಿ ಈ ವಿಳಾಸದ ಹಿಂದೆ ಇಷ್ಟು ಯಂತ್ರಗಳಿದ್ದವು, ಒಂದನ್ನೇ ಬೊಟ್ಟು ಮಾಡಿ ತೋರಿಸಲು ದಾಖಲೆಯಿಂದ ಸಾಧ್ಯವಿಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿ.