ಇಗರ್ಜಿಯ ಜಗಳ, ಕಂಕನಾಡಿಯ ಕುಷ್ಠಾಶ್ರಮ

ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿದರೆ ಸಂತೆಕಟ್ಟೆ ದಾಟಿದ ಮೇಲೆ ಸ್ವರ್ಣಾ ನದಿಯ ಸೇತುವೆ ಸಿಗುತ್ತದಲ್ಲ, ಅದರ ಈಚೆ ದಡ ಕಲ್ಯಾಣಪುರ. ನದಿ ದಾಟಿ ಇನ್ನಷ್ಟು ಮುಂದೆ ಹೋದರೆ ಬ್ರಹ್ಮಾವರ. ಈಚೆ 1678ರಷ್ಟು ಹಿಂದಿನ ಮಿಲಾಗ್ರಿಸ್ ಇಗರ್ಜಿ. ಆಚೆ ಬ್ರಹ್ಮಾವರದಲ್ಲಿ ಸಂತ ಮೇರಿಯ ಸಿರಿಯನ್ ಇಗರ್ಜಿ. ಎರಡೂ ಕಡೆಯವರ ಮನೆಮಾತು ಕೊಂಕಣಿ, ಮನೆತನದ ಹೆಸರುಗಳೂ ಹೆಚ್ಚು ಕಡಿಮೆ ಅವೇ, ಅಡುಗೆಯೂ ಅದೇ. ಆದರೆ ಒಂದು ರೋಮಿನ ಪೋಪರಿಗೆ ಸೇರಿದ್ದು, ಇನ್ನೊಂದು ಕೇರಳದ ಮಲಂಕರ ಸಭೆಗೆ. ಇದು ಹೇಗಾಯಿತು ಅಂತ ಕೇಳಿದರೆ ಊರಲ್ಲಿ ಹಿರಿಯರು "ಅದೊಂದು ಹಳೇ ಜಗಳ ಮಾರಾಯ್ರೆ" ಅಂತ ಹೇಳಿ ಸುಮ್ಮನಾಗುತ್ತಾರೆ.

ಆ ಹಳೇ ಜಗಳವನ್ನು ಓದುತ್ತಾ ಹೋದಾಗ ನನಗೆ ಜಗಳಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ ಹೊತ್ತಿಗೆ ನಡೆಯುತ್ತಿದ್ದ ಇನ್ನೊಂದು ಕೆಲಸ. ಜಗಳದ ಎರಡೂ ಬಣಗಳಲ್ಲಿ ಒಬ್ಬೊಬ್ಬ ಪಾದ್ರಿ ಇದ್ದರು. ಇಬ್ಬರೂ ಕೊನೆಗೆ ಹೋಗಿ ನಿಂತದ್ದು ಯಾರೂ ಮುಟ್ಟದ ರೋಗಿಗಳ ಹತ್ತಿರ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಗಳದ ಕತೆ ಚುಟುಕಾಗಿ. ನಮ್ಮ ಕರಾವಳಿಯ ಕ್ರೈಸ್ತರು ಬಹುಪಾಲು ಗೋವಾದಿಂದ ಬಂದವರು. ಅವರ ಇಗರ್ಜಿಗಳಿಗೆ ಪಾದ್ರಿಗಳನ್ನು ಕಳಿಸುವ ಹಕ್ಕು ಪೋರ್ತುಗಲ್ ರಾಜನ ಆಸರೆಯಲ್ಲಿದ್ದ ಗೋವಾದ ಆರ್ಚ್‌ಬಿಷಪ್ಪರದ್ದು. ಇದಕ್ಕೆ ಪದ್ರುವಾದೊ ಅಂತ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ರೋಮ್ ನೇರವಾಗಿ ತನ್ನ ಜನರನ್ನು ಕಳಿಸತೊಡಗಿತು. 1878ರ ಡಿಸೆಂಬರ್ 31ಕ್ಕೆ ಇಟಲಿಯ ಜೆಸ್ವಿತ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. 1886ರಲ್ಲಿ ರೋಮಿಗೂ ಪೋರ್ತುಗಲ್ಲಿಗೂ ಒಪ್ಪಂದವಾಗಿ ಈ ಭಾಗದಲ್ಲಿ ಗೋವಾದ ಹಕ್ಕು ಮುಗಿಯಿತು, ಮಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಗೋವಾದ ಪಾದ್ರಿಗಳ ಕೈಕೆಳಗೆ ಇದ್ದು ಅಭ್ಯಾಸವಾಗಿದ್ದ ಕಲ್ಯಾಣಪುರ-ಬ್ರಹ್ಮಾವರ ಕಡೆಯ ಕೆಲವು ಕುಟುಂಬಗಳು ಇದನ್ನು ಒಪ್ಪಲಿಲ್ಲ. ಗೋವಾದ ವೆರ್ಣಾದ ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರೆಸರೂ ಒಪ್ಪಲಿಲ್ಲ. ಅವರು ಪತ್ರಿಕೆ ನಡೆಸುತ್ತಿದ್ದ ಮನುಷ್ಯ, ಪೆನ್ನು ಬಹಳ ಹರಿತ. ರೋಮನ್ನು ಬಿಟ್ಟು ಮಲಂಕರ ಸಭೆ ಸೇರಿದರು. 1889ರ ಜುಲೈ 29ರಂದು ಕೇರಳದ ಕೊಟ್ಟಾಯಂನಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು, ಮಾರ್ ಜೂಲಿಯಸ್ ಎಂಬ ಹೆಸರು ಬಂತು. ಬ್ರಹ್ಮಾವರದ ಜನ ಅವರ ಹಿಂದೆ ಹೋದರು. ಅಲ್ಲಿ ಅವರ ಬಲಗೈಯಾಗಿ ನಿಂತವರು ರೋಕ್ ಜೆಫ್ರಿನ್ ನೊರೊನ್ಹಾ ಎಂಬ ಪಾದ್ರಿ. 1936ರಲ್ಲಿ ತೀರಿಕೊಳ್ಳುವ ತನಕವೂ ಅವರು ಆ ಜನರನ್ನು ಬಿಟ್ಟು ಹೋಗಲಿಲ್ಲ.

ಈಗ ದಕ್ಷಿಣಕ್ಕೆ ಬನ್ನಿ, ಮಂಗಳೂರಿಗೆ. ಇವತ್ತಿನ ಹಾಗೆ ಒಂದೂವರೆ ತಾಸಿನ ದಾರಿ ಅಂದುಕೊಳ್ಳಬೇಡಿ. ಆಗ ಕಲ್ಯಾಣಪುರದಿಂದ ಹೊರಟವನು ಉದ್ಯಾವರದಲ್ಲಿ, ಮುಲ್ಕಿಯಲ್ಲಿ, ಪಾವಂಜೆಯಲ್ಲಿ, ಕೂಳೂರಿನಲ್ಲಿ ಹೊಳೆ ದಾಟಬೇಕಿತ್ತು. ಮಹಾರೋಗದವನಾದರೆ ಅಂಬಿಗ ದೋಣಿಗೆ ಹತ್ತಿಸುತ್ತಾನೋ ಇಲ್ಲವೋ ಎಂಬುದು ಮೊದಲನೇ ಪ್ರಶ್ನೆ.

ಆ ಜೆಸ್ವಿತರ ಜೊತೆ ಬಂದ ಅಗಸ್ಟಸ್ ಮುಲ್ಲರ್ ಇಟಲಿಯವರಲ್ಲ, ಜರ್ಮನಿಯ ವೆಸ್ಟ್‌ಫಾಲಿಯಾದವರು, 1841ರಲ್ಲಿ ಹುಟ್ಟಿದವರು. ಬಂದದ್ದು ಪಾಠ ಹೇಳಲಿಕ್ಕೆ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು, ಅಲ್ಲಿ ಗಣಿತದ ಮೇಷ್ಟ್ರು. ಪಾದ್ರಿಗೆ ಹೋಮಿಯೋಪತಿಯ ಹುಚ್ಚು. ಸಕ್ಕರೆ ಗುಳಿಗೆಗಳ ಡಬ್ಬಿಯೊಂದು ಜೊತೆಗಿತ್ತು. ಜ್ವರ ಬಂದ ಹುಡುಗರಿಗೆ ಕೊಟ್ಟರು, ಹುಡುಗರ ಅಪ್ಪ ಅಮ್ಮಂದಿರೂ ಬಂದರು, ಆಮೇಲೆ ಕಾಲೇಜಿಗೆ ಸಂಬಂಧವೇ ಇಲ್ಲದವರೂ ಬರತೊಡಗಿದರು. ಅದೇ 1880ರಲ್ಲಿ ಕಂಕನಾಡಿಯ ಗುಡ್ಡದ ಮೇಲೆ ಒಂದು ಆಲದ ಮರದ ಕೆಳಗೆ, ಕಲ್ಲಿನ ಬೆಂಚಿನ ಮೇಲೆ ಔಷಧ ಕೊಡಲು ಕೂತರು ಅಂತ ಆಸ್ಪತ್ರೆಯವರೇ ಹೇಳಿಕೊಂಡು ಬಂದಿರುವ ಕತೆ. ಅದಕ್ಕೆ ಅವರಿಟ್ಟ ಹೆಸರು ಬಡವರ ಹೋಮಿಯೋಪತಿ ಔಷಧಾಲಯ.

ಹತ್ತು ವರ್ಷದ ಮೇಲೆ, 1890ರಲ್ಲಿ, ಅಲ್ಲೇ ಕುಷ್ಠರೋಗಿಗಳಿಗೆ ಸಂತ ಜೋಸೆಫರ ಹೆಸರಿನ ಮನೆ ಎದ್ದಿತು. ಆ ವರ್ಷವನ್ನು ಗಮನಿಸಿ. 1889ರ ಏಪ್ರಿಲ್‌ನಲ್ಲಿ, ಭೂಮಿಯ ಆಚೆ ತುದಿಯ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ, ಕುಷ್ಠರೋಗಿಗಳ ಜೊತೆಗೇ ಬದುಕುತ್ತಿದ್ದ ಬೆಲ್ಜಿಯಂನ ಪಾದ್ರಿ ದಾಮಿಯೆನ್ ತಾವೂ ಅದೇ ರೋಗದಿಂದ ಸತ್ತಿದ್ದರು. ಯುರೋಪಿನಲ್ಲಿ ಅದು ದೊಡ್ಡ ಸುದ್ದಿ. ಇಂಗ್ಲೆಂಡಿನಲ್ಲಿ ಕುಷ್ಠರೋಗಕ್ಕೆಂದೇ ನಿಧಿ ಹುಟ್ಟಿತು. ಒಂದು ಆಯೋಗ ಹಡಗು ಹತ್ತಿ 1890-91ರಲ್ಲಿ ಭಾರತವನ್ನೆಲ್ಲ ಸುತ್ತಿತು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ, ಇದು ಅಷ್ಟು ಸುಲಭವಾಗಿ ಅಂಟುವ ರೋಗವಲ್ಲ, ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವುದಕ್ಕೆ ಕಾರಣ ಸಾಲದು ಅಂತ ಆ ಆಯೋಗ ಹೇಳಿತು. ಸರಿಯಾಗಿಯೇ ಹೇಳಿತ್ತು. ಆದರೆ ಭಯಕ್ಕೆ ವರದಿ ಓದಲು ಬರುವುದಿಲ್ಲವಲ್ಲ....

ರೋಗದ ಬಗ್ಗೆ ಸ್ವಲ್ಪ ಹೇಳದಿದ್ದರೆ ಆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ತಿಳಿಯುವುದಿಲ್ಲ. ಕುಷ್ಠ ಬೆರಳನ್ನು ತಿನ್ನುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ. ತಿನ್ನುವುದಿಲ್ಲ. ರೋಗಾಣು ಹೋಗಿ ಸೇರುವುದು ನರದಲ್ಲಿ. ಚರ್ಮದ ಮೇಲೆ ಮಸುಕಾದ ಕಲೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಆಮೇಲೆ ಅಂಗೈ ಅಂಗಾಲು ಮರಗಟ್ಟುತ್ತವೆ. ಕುದಿಯುವ ಗಂಜಿಯ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೂ ಉರಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣಬೇಕಷ್ಟೇ. ಕಾಲಿಗೆ ಮುಳ್ಳು ಚುಚ್ಚಿದರೆ ಅದರ ಮೇಲೇ ನಡೆಯುತ್ತಾರೆ. ಗಾಯ ಕೀವಾಗಿ, ಮೂಳೆಗೆ ಇಳಿದು, ಬೆರಳು ಮೊಟಕಾಗುತ್ತದೆ. ಸ್ನಾಯುಗಳ ನರ ಸತ್ತು ಕೈ ಹಕ್ಕಿಯ ಉಗುರಿನ ಹಾಗೆ ಮಡಚಿಕೊಳ್ಳುತ್ತದೆ. ಕಣ್ಣಿನ ರೆಪ್ಪೆ ಮುಚ್ಚದೆ ಕಣ್ಣೂ ಹೋಗಬಹುದು. ಅಂದರೆ ರೋಗಕ್ಕಿಂತ ರೋಗ ಬಿಟ್ಟುಹೋಗುವ ಅಂಗವೈಕಲ್ಯವೇ ಅವರ ಬದುಕನ್ನು ಮುಗಿಸುತ್ತಿದ್ದದ್ದು. ಇದನ್ನು ಸರಿಯಾಗಿ ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಡಾಕ್ಟರ್ ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿ ದಂಪತಿಗೆ ಹುಟ್ಟಿದವರು, 1946ರಲ್ಲಿ ವೆಲ್ಲೂರಿಗೆ ಬಂದವರು. ಮಡಚಿದ ಬೆರಳುಗಳಿಗೆ ಚೆನ್ನಾಗಿರುವ ಸ್ನಾಯುರಜ್ಜುವನ್ನು ಜೋಡಿಸಿ ಮತ್ತೆ ಕೆಲಸ ಮಾಡುವ ಹಾಗೆ ಮಾಡಿದರು. ಮುಲ್ಲರರ ಕಾಲಕ್ಕೆ ಅದೆಲ್ಲ ಎಲ್ಲಿಂದ ಬರಬೇಕು?

ಹಾಗಾದರೆ ಮುಲ್ಲರ್ ಕೊಟ್ಟದ್ದು ಏನು? ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ, ಹೋಮಿಯೋಪತಿ ಪ್ರಿಯರು ಬೇಸರ ಮಾಡಬಾರದು :-) ಆ ಸಕ್ಕರೆ ಗುಳಿಗೆ ಕುಷ್ಠದ ರೋಗಾಣುವನ್ನು ಕೊಂದಿರಲಿಕ್ಕೆ ಸಾಧ್ಯವಿಲ್ಲ. ಆಗಿನ ಅಲೋಪತಿಯೇನೂ ಹೆಚ್ಚಿನದಲ್ಲ, ನಮ್ಮ ಘಟ್ಟದ ಕಾಡಲ್ಲೇ ಬೆಳೆಯುವ ಗರುಡಫಲದ ಜಾತಿಯ ಬೀಜದ ಎಣ್ಣೆಯೇ ಎಲ್ಲರ ಕೈಯಲ್ಲಿದ್ದ ದೊಡ್ಡ ಮದ್ದು. ನಿಜವಾಗಿ ಕೆಲಸ ಮಾಡುವ ಸಲ್ಫೋನ್ ಮದ್ದು ಬಂದದ್ದು 1940ರ ದಶಕದಲ್ಲಿ, ಅಮೆರಿಕದಿಂದ. ಮುಲ್ಲರರ ಮನೆಯಲ್ಲಿ ಸಿಕ್ಕಿದ್ದು ತಲೆಯ ಮೇಲೊಂದು ಮಾಡು, ಹೊತ್ತಿಗೆ ಊಟ, ಗಾಯ ತೊಳೆದು ಕಟ್ಟುವ ಕೈ. ನೋವೇ ತಿಳಿಯದ ಕಾಲಿಗೆ ಅದು ಸಣ್ಣ ಸಂಗತಿಯಲ್ಲ. ಯಾರಾದರೂ ದಿನಾ ನೋಡಿ ಗಾಯ ಕಟ್ಟಿದರೆ ಕಾಲು ಉಳಿಯುತ್ತದೆ. ಮಾತ್ರೆ ಏನು ಮಾಡಿತೋ ಬಿಡಿ, ಬ್ಯಾಂಡೇಜು ಖಂಡಿತ ಮಾಡಿತು.

ಮಾತ್ರೆಯಿಂದ ಇನ್ನೊಂದು ಉಪಕಾರವೂ ಆಯಿತು, ಅದು ಹಣ. ಬಡವರಿಗೆ ಪುಕ್ಕಟೆ ಕೊಡುತ್ತಿದ್ದ ಔಷಧವನ್ನೇ ಕೊಳ್ಳುವವರಿಗೆ ಮಾರಿದರು, ಅಂಚೆಯಲ್ಲಿ ದೂರದೂರಕ್ಕೆ ಕಳಿಸಿದರು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಕಂಕನಾಡಿಯ ಔಷಧದ ಪೆಟ್ಟಿಗೆಗಳು ಸಮುದ್ರ ದಾರಿ, ಗಾಡಿ ದಾರಿ ಹಿಡಿದು ಹೋಗುತ್ತಿದ್ದವು. ಎಲ್ಲೋ ಒಂದು ಊರಿನ ಗುಮಾಸ್ತ ತನ್ನ ಮಗುವಿನ ಹೊಟ್ಟೆನೋವಿಗೆಂದು ತರಿಸಿಕೊಂಡ ಶೀಶೆಯ ದುಡ್ಡು ಕಂಕನಾಡಿಯಲ್ಲಿ ಕುಷ್ಠರೋಗಿಯ ಗಂಜಿಯಾಯಿತು. ವಿದೇಶದ ದೇಣಿಗೆಯಿಂದಲೇ ಮಿಶನ್ ನಡೆಯಿತು ಅಂತ ಹೇಳುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಬೇರೆ ಆಸ್ಪತ್ರೆ ಹಾಕಿದರು. 1910ರಲ್ಲಿ ಮುಲ್ಲರ್ ಕಂಕನಾಡಿಯಲ್ಲೇ ತೀರಿಕೊಂಡರು.

ಮತಾಂತರದ ಮಾತು ಇಲ್ಲಿ ಬಂದೇ ಬರುತ್ತದೆ, ಬರಲಿ. ಅವರು ಮಿಶನರಿ, ಬಂದದ್ದೇ ಕ್ರಿಸ್ತನನ್ನು ಸಾರಲು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮನೆಯವರೇ ತೋಟದ ಮೂಲೆಯ ಗುಡಿಸಲಿಗೆ ತಳ್ಳಿದ ಮನುಷ್ಯನಿಗೆ, ಹಿಂದೂವಾಗಲಿ ಕ್ರೈಸ್ತನಾಗಲಿ ಬ್ಯಾರಿಯಾಗಲಿ, ಆಗ ಇದ್ದ ಬೇರೆ ಬಾಗಿಲು ಯಾವುದು ಅಂತಲೂ ಜೊತೆಗೇ ಕೇಳಿಕೊಳ್ಳಬೇಕಾಗುತ್ತದೆ. ಕ್ರೈಸ್ತರ ಮನೆಗಳೂ ಇದರಲ್ಲಿ ಹಿಂದೆ ಬಿದ್ದವಲ್ಲ.

ಈಗ ಆಲ್ವಾರೆಸರ ಕತೆಗೆ ವಾಪಸ್ಸು. ಜಗಳದಲ್ಲಿ ಸೋತವರು ಇವರು. ಗೋವಾದಲ್ಲಿ ಸಭೆಯಿಂದ ಹೊರಗೆ ಹಾಕಿದರು, ಸರಕಾರದ ಕಾಟವೂ ತಪ್ಪಲಿಲ್ಲ. ಗೋವಾ ಆಗ ಪೋರ್ತುಗೀಸರ ನೆಲ, ನಮ್ಮ ಬ್ರಿಟಿಷ್ ಕೆನರಾಕ್ಕೆ ಪರದೇಶ. ಬ್ರಹ್ಮಾವರ, ಕೊಲಂಬೊ ಅಂತ ಓಡಾಡಿದ ಈ ಬಿಷಪ್ಪರು ಕೊನೆಯ ವರ್ಷಗಳನ್ನು ಪಣಜಿಯಲ್ಲಿ ಕಳೆದರು, ಬೀದಿಯ ನಿರ್ಗತಿಕರನ್ನು ಮನೆಯಲ್ಲಿ ಇಟ್ಟುಕೊಂಡು. ಅವರಲ್ಲಿ ಕುಷ್ಠರೋಗಿಗಳೂ ಇದ್ದರೆಂದು ಅವರ ಸಭೆಯವರು ಹೇಳುತ್ತಾರೆ. ಕಾಲರಾಕ್ಕೆ ಏನು ಮಾಡಬೇಕು ಅಂತ ಒಂದು ಪುಸ್ತಿಕೆಯನ್ನೂ ಬರೆದು ಹಂಚಿದ್ದರು. ಇವರಿಗೆ ಮಾರಲು ಮಾತ್ರೆ ಇರಲಿಲ್ಲ. ತಟ್ಟೆ ಹಿಡಿದು ಅಂಗಡಿ ಅಂಗಡಿಗೆ ಹೋಗಿ ಬೇಡುತ್ತಿದ್ದರಂತೆ. ಒಬ್ಬ ಅಂಗಡಿಯವ ತಟ್ಟೆಗೆ ಉಗುಳಿದಾಗ, ಇದು ನನಗಾಯಿತು, ಇನ್ನು ಬಡವರಿಗೆ ಏನಾದರೂ ಕೊಡಿ ಎಂದರಂತೆ. ಈ ಕತೆಯನ್ನು ಮದರ್ ತೆರೇಸಾ ಬಗ್ಗೆಯೂ ಹೇಳುವುದುಂಟು, ಹಾಗಾಗಿ ಇತಿಹಾಸ ಅಂತ ಬರೆಯಲು ನನಗೆ ಧೈರ್ಯವಿಲ್ಲ. ಆದರೆ ಬ್ರಹ್ಮಾವರದವರು ಅದನ್ನು ಅವರ ಮೇಲೆಯೇ ಹೇಳುತ್ತಾರೆ, ಹೇಳಲಿ. 1923ರ ಸೆಪ್ಟೆಂಬರ್ 23ರಂದು ರಿಬಂದರದ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಇಗರ್ಜಿಯ ನೆಲ ಅವರಿಗೆ ಸಿಗಲಿಲ್ಲ, ಸಂತ ಇನೇಸಿನ ಸ್ಮಶಾನದಲ್ಲಿ ಹೂಳಿದರು. ಅವರ ಅಸ್ಥಿ ಈಗ ರಿಬಂದರದ ಆರ್ಥೊಡಾಕ್ಸ್ ಇಗರ್ಜಿಯಲ್ಲಿದೆ.

ಆ ವರ್ಷವೇ, ಜೂನ್ 15ರಂದು, ನಮ್ಮ ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗೆಂದು ಬಾಸೆಲ್ ಮಿಶನ್ ಆಸ್ಪತ್ರೆ ತೆರೆದರು. ಅದು ಬೇರೆಯೇ ಬರೆಯಬೇಕಾದ ಕತೆ, ಇನ್ನೊಮ್ಮೆ.

ಒಂದು ವಿಷಯ ಮಾತ್ರ ಓದುವಾಗೆಲ್ಲ ಚುಚ್ಚುತ್ತಿತ್ತು. ಜಗಳಕ್ಕೆ ಪುಟಗಟ್ಟಲೆ ದಾಖಲೆ ಇದೆ. ಯಾವ ಪತ್ರಕ್ಕೆ ಯಾರು ಸಹಿ ಹಾಕಿದರು, ಯಾವ ಇಗರ್ಜಿಯ ಕೀಲಿ ಯಾರ ಕೈಯಲ್ಲಿತ್ತು.... ಪಾದ್ರಿಗಳ ಹುಟ್ಟು, ಸಾವು, ಪಟ್ಟದ ದಿನ ಎಲ್ಲ ಇದೆ. ಆಶ್ರಮದಲ್ಲಿ ಇದ್ದವರು ಮಾತ್ರ ಕತೆಯಲ್ಲಿ 'ರೋಗಿಗಳು' ಎಂಬ ಬಹುವಚನವಾಗಿಯೇ ಉಳಿದುಬಿಡುತ್ತಾರೆ. ಒಬ್ಬೊಬ್ಬರಾಗಿ ಅವರನ್ನು ಗುರುತಿಸಿದ್ದು ಕಾನೂನು, ಅದೂ ಹಿಡಿಯಲಿಕ್ಕೆ! 1898ರಲ್ಲಿ ಬಂದ ಕುಷ್ಠರೋಗಿಗಳ ಕಾಯ್ದೆ, ಜಾರಿಯಾದ ಕಡೆಯಲ್ಲೆಲ್ಲ, ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದೆಂದಿತು. ಅವರು ಸಾರ್ವಜನಿಕ ಬಾವಿಯಿಂದ ನೀರು ಸೇದುವುದನ್ನು, ತಿನ್ನುವ ಪದಾರ್ಥ ಮಾರುವುದನ್ನು ತಡೆಯಬಹುದೆಂದಿತು. ಏಳೇ ವರ್ಷದ ಹಿಂದೆ ಆ ಆಯೋಗ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಅದು ರದ್ದಾದದ್ದು 2016ರಲ್ಲಿ. ಹೌದು, 2016. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕುಷ್ಠದಿಂದ ಗುಣವಾದವರೂ ಇದ್ದಾರೆ.

ಇನ್ನೂ ವಿಚಿತ್ರ ಕೇಳಿ. ಕ್ರೈಸ್ತರ ವಿಚ್ಛೇದನದ ಕಾನೂನಿಗೆ 2001ರಲ್ಲಿ ತಿದ್ದುಪಡಿ ಮಾಡಿದಾಗ ಗುಣವಾಗದ ಕುಷ್ಠವನ್ನು ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಬಿಡಲು ಒಂದು ಕಾರಣವಾಗಿ ಹೊಸದಾಗಿ ಸೇರಿಸಿದರು. ಗುಣಪಡಿಸುವ ಮಾತ್ರೆಗಳ ಜೋಡಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟು ಅಷ್ಟೊತ್ತಿಗೆ ಸುಮಾರು ಇಪ್ಪತ್ತು ವರ್ಷವಾಗಿತ್ತು! ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಮೊದಲಿಂದಲೂ ಇತ್ತು. ಎರಡೂ ಕಡೆಯಿಂದ ತೆಗೆದುಹಾಕಿದ್ದು 2019ರಲ್ಲಿ.

ಕಲ್ಯಾಣಪುರದ ಮಿಲಾಗ್ರಿಸ್ 2012ರಲ್ಲಿ ಹೊಸ ಉಡುಪಿ ಧರ್ಮಪ್ರಾಂತದ ಕೆಥೆಡ್ರಲ್ ಆಯಿತು. ಬ್ರಹ್ಮಾವರಕ್ಕೂ ಅದರ ಸಭೆಯಲ್ಲಿ ಬೇರೆ ಧರ್ಮಪ್ರಾಂತ ಬಂದಿದೆ. ಜಗಳ ಈಗ ಮದುವೆ ಮಾತುಕತೆಯ ಹೊತ್ತಿಗೆ ನೆನಪಾಗುವಷ್ಟು ಮಾತ್ರ ಉಳಿದಿದೆ. ಕುಷ್ಠ ಮುಗಿದಿಲ್ಲ. 2005ರ ಕೊನೆಗೆ ಸರಕಾರ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಅಂತ ಲೆಕ್ಕ ತೋರಿಸಿ ನಿರ್ಮೂಲನೆ ಎಂದು ಸಾರಿದರೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಹೊಸಬರು ಸಿಗುತ್ತಲೇ ಇದ್ದಾರೆ. ಮುಟ್ಟಿದರೆ ತಿಳಿಯದ ಕಲೆ ಯಾರ ಮೈಮೇಲಾದರೂ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಔಷಧ ಪುಕ್ಕಟೆ, ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಬೇಗ ಹೋದರೆ ಬೆರಳು ಮಡಚುವುದಿಲ್ಲ.