ಬಸಿದ ಗಟ್ಟಿ ಮೊಸರು: ಕಡಿಮೆ ಶರ್ಕರಪಿಷ್ಟವುಳ್ಳ ಊಟದ ಕೊನೆಯ ತಿನಿಸು

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ)

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಶೇಂಗಾ, ರಾಗಿ, ತೊಗರಿಯಂತಹ ಮಳೆಯಾಶ್ರಿತ ಬೆಳೆಗಳ ಆದಾಯ ವರ್ಷದಿಂದ ವರ್ಷಕ್ಕೆ ಏರಿಳಿಯುವ ಈ ಭಾಗದಲ್ಲಿ ಅನೇಕ ಕುಟುಂಬಗಳ ದಿನನಿತ್ಯದ ಖರ್ಚನ್ನು ತೂಗಿಸುವುದು ಹೈನುಗಾರಿಕೆ. ಕರೆದ ಹಾಲಿನ ಬಹುಪಾಲು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗುತ್ತದೆ. ಮನೆಗೆ ಉಳಿಯುವ ಒಂದೆರಡು ಲೀಟರ್ ಹಾಲು ಮೊಸರು, ಮಜ್ಜಿಗೆಯಾಗುತ್ತದೆ.

ಇಂತಹ ಮನೆಗಳಲ್ಲಿ ಇಂದು ಸಕ್ಕರೆ ಕಾಯಿಲೆ ಇರುವ ಒಬ್ಬರಾದರೂ ಹಿರಿಯರು ಇರುವುದು ಅಪರೂಪವಲ್ಲ. ಹಬ್ಬದ ದಿನ ಎಲ್ಲರ ಎಲೆಗೂ ಹೋಳಿಗೆ, ಪಾಯಸ ಬಡಿಸುವಾಗ ಅವರಿಗೆ ಏನು ಬಡಿಸುವುದೆಂದು ಮನೆಯವರಿಗೆ ತೋಚುವುದಿಲ್ಲ. ಹಿರಿಯರು ಆಸೆಯನ್ನು ಅದುಮಿಕೊಳ್ಳುತ್ತಾರೆ, ಇಲ್ಲವೇ ‘ಇವತ್ತೊಂದು ದಿನ’ ಎಂದು ತಿಂದು ತೊಂದರೆಗೆ ಒಳಗಾಗುತ್ತಾರೆ. ಮನೆಯ ಹಾಲಿನಿಂದಲೇ, ಸಕ್ಕರೆ ಬೆರೆಸದೆ, ನಾಲಿಗೆಗೆ ತೃಪ್ತಿ ಕೊಡುವ ತಿನಿಸನ್ನು ತಯಾರಿಸಲು ಸಾಧ್ಯವಿದೆ. ಅದುವೇ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು. ಶ್ರೀಖಂಡಕ್ಕೆ ಮೂಲವಾಗಿರುವ ‘ಚಕ್ಕಾ’ ಎಂಬುದೂ ಇದೇ.

ಈ ತಯಾರಿಕೆಯಲ್ಲಿ ಒಂದು ಅಂಶವನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು. ಬಟ್ಟೆಯು ಹಾಲಿನ ಪೋಷಕಾಂಶಗಳನ್ನು ಎರಡು ಪಾಲು ಮಾಡುತ್ತದೆ. ಮೇಲೆ ಉಳಿಯುವ ಗಟ್ಟಿ ಮೊಸರಿನಷ್ಟೇ ಕೆಳಗೆ ಇಳಿಯುವ ತಿಳಿನೀರೂ ಬೆಲೆಯುಳ್ಳದ್ದು. ಅದರಲ್ಲೂ ಫ್ಲೋರೈಡ್ ನೀರಿನ ಸಮಸ್ಯೆಯಿರುವ ಗ್ರಾಮಗಳಲ್ಲಿ ತಿಳಿನೀರನ್ನು ಚೆಲ್ಲುವುದು ದೊಡ್ಡ ನಷ್ಟ.

ಬಟ್ಟೆಯಲ್ಲಿ ಉಳಿಯುವುದೇನು, ಇಳಿದು ಹೋಗುವುದೇನು?

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 46–48 ಗ್ರಾಂ ಹಾಲಿನ ಸಕ್ಕರೆ, 32–34 ಗ್ರಾಂ ಸಸಾರಜನಕ, 35–40 ಗ್ರಾಂ ಜಿಡ್ಡು ಮತ್ತು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಹುಳಿಯಾಗಿ ಪರಿವರ್ತಿಸುತ್ತವೆ. ಉಳಿದ ಸಕ್ಕರೆಯು ನೀರಿನಲ್ಲಿ ಕರಗಿರುವುದರಿಂದ, ಬಸಿದಾಗ ಅದರ ಹೆಚ್ಚಿನ ಪಾಲು ತಿಳಿನೀರಿನೊಡನೆ ಇಳಿಯುತ್ತದೆ.

ಒಂದು ಲೀಟರ್ ಹಾಲಿನಿಂದ ಅಂದಾಜು 400 ಗ್ರಾಂ ಗಟ್ಟಿ ಮೊಸರು ಮತ್ತು 550–600 ಮಿಲಿ ಲೀಟರ್ ತಿಳಿನೀರು ದೊರೆತಾಗ ಹಂಚಿಕೆ ಹೀಗಿರುತ್ತದೆ:

• ಹಾಲಿನ ಸಕ್ಕರೆ: ಗಟ್ಟಿ ಮೊಸರಿನಲ್ಲಿ 13–16 ಗ್ರಾಂ; ತಿಳಿನೀರಿನಲ್ಲಿ 22–24 ಗ್ರಾಂ
• ಸಸಾರಜನಕ: ಗಟ್ಟಿ ಮೊಸರಿನಲ್ಲಿ 28–30 ಗ್ರಾಂ, ತಿಳಿನೀರಿನಲ್ಲಿ ಅಲ್ಪ ಪ್ರಮಾಣ
• ಜಿಡ್ಡು: ಬಹುತೇಕ ಪೂರ್ಣವಾಗಿ ಗಟ್ಟಿ ಮೊಸರಿನಲ್ಲಿ
• ಕ್ಯಾಲ್ಸಿಯಂ: ಗಟ್ಟಿ ಮೊಸರಿನಲ್ಲಿ 400–500 ಮಿಲಿಗ್ರಾಂ, ಅರ್ಧಕ್ಕಿಂತ ಹೆಚ್ಚು ಭಾಗ ತಿಳಿನೀರಿನಲ್ಲಿ

ಅಂದರೆ 100 ಗ್ರಾಂ ಗಟ್ಟಿ ಮೊಸರಿನಲ್ಲಿ ಶರ್ಕರಪಿಷ್ಟ 3–4 ಗ್ರಾಂ, ಸಸಾರಜನಕ 7–8 ಗ್ರಾಂ ಮತ್ತು ಜಿಡ್ಡು 9–10 ಗ್ರಾಂ ಇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಸಾಮಾನ್ಯ ಮೊಸರಿಗೂ ಇದಕ್ಕೂ ಶರ್ಕರಪಿಷ್ಟದಲ್ಲಿ ಹೆಚ್ಚಿನ ಅಂತರವಿಲ್ಲ ಎಂಬುದನ್ನು ಗಮನಿಸಿ. ಪ್ರಯೋಜನ ಇರುವುದು ಬೇರೆ ಕಡೆ. ಸಸಾರಜನಕ ಇಮ್ಮಡಿಗಿಂತ ಹೆಚ್ಚಾಗುವುದರಿಂದ ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತದೆ. ಜಿಡ್ಡು ಸಾಂದ್ರವಾಗುವುದರಿಂದ ಹುಳಿ ಮೃದುವಾಗಿ ತೋರಿ, ಸಕ್ಕರೆ ಬೆರೆಸದೆಯೂ ರುಚಿಸುತ್ತದೆ. ಹೋಲಿಕೆಗೆ, ಶ್ರೀಖಂಡದಲ್ಲಿ ಸಾಮಾನ್ಯವಾಗಿ ಅದರ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ.

ಹಾಲಿನ ಆಯ್ಕೆ

ಬಸಿಯುವುದರಿಂದ ಒಳ್ಳೆಯ ಅಂಶಗಳಂತೆ ಕೆಲವು ಕೆಟ್ಟ ಅಂಶಗಳೂ ಸಾಂದ್ರವಾಗುತ್ತವೆ. ಆದ್ದರಿಂದ ಕೊಟ್ಟಿಗೆಯಲ್ಲಿಯೇ ಈ ಕೆಳಗಿನ ಎಚ್ಚರಿಕೆಗಳನ್ನು ವಹಿಸಬೇಕು.

1. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ರಾಸುಗಳಿಗೆ ತಿನ್ನಿಸಬಾರದು. ಬೂಷ್ಟಿನಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ರೂಪಾಂತರಗೊಂಡು ಹಾಲಿಗೆ ಇಳಿಯುತ್ತದೆ. ಅದು ಹಾಲಿನ ಸಸಾರಜನಕಕ್ಕೆ ಅಂಟಿಕೊಳ್ಳುವ ಕಾರಣ ಗಟ್ಟಿ ಮೊಸರಿನಲ್ಲಿಯೇ ಹೆಚ್ಚಾಗಿ ಉಳಿಯುತ್ತದೆ. ಹಾಲು ಕಾಯಿಸಿದರೂ, ಹೆಪ್ಪು ಹಾಕಿದರೂ ಅದು ನಾಶವಾಗುವುದಿಲ್ಲ. ಶೇಂಗಾ ಬೆಳೆಯುವ ಈ ಭಾಗದಲ್ಲಿ ಹಿಂಡಿಯನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲೆ ಸಂಗ್ರಹಿಸುವುದು ಅತ್ಯಗತ್ಯ.
2. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆಯುತ್ತಿರುವ ಹಸುವಿನ ಹಾಲನ್ನು ಪಶುವೈದ್ಯರು ಸೂಚಿಸಿದ ಅವಧಿ ಮುಗಿಯುವವರೆಗೆ ಬಳಸಬಾರದು. ಇಂತಹ ಹಾಲು ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ.
3. ಬೇಸಿಗೆಯಲ್ಲಿ ಮೇವು ಸಾಲದಾದಾಗ ಹಾಲಿನ ಸಸಾರಜನಕ ಕುಗ್ಗಿ ಮೊಸರು ತೆಳುವಾಗುತ್ತದೆ. ಮೇವಿನ ಜೋಳ ಅಥವಾ ಹೈಬ್ರಿಡ್ ನೇಪಿಯರ್ ಹುಲ್ಲನ್ನು ನೀರಿರುವ ಸ್ವಲ್ಪ ಜಾಗದಲ್ಲಿಯಾದರೂ ಬೆಳೆದು ರಾಗಿ ಹುಲ್ಲು, ಶೇಂಗಾ ಬಳ್ಳಿಯ ಜೊತೆ ನೀಡಿದರೆ ಹಾಲಿನ ಗುಣಮಟ್ಟ ಉಳಿಯುತ್ತದೆ.

ತಯಾರಿಸುವ ವಿಧಾನ

1. ಎರಡು ಲೀಟರ್ ತಾಜಾ ಹಾಲನ್ನು ಸೋಸಿ ಕುದಿ ಬರುವವರೆಗೆ ಕಾಯಿಸಿ, ನಂತರ ಸಣ್ಣ ಉರಿಯಲ್ಲಿ 10 ನಿಮಿಷ ಇಡಬೇಕು. ಹಸಿ ಹಾಲಿನಿಂದ ಹರಡುವ ಕಂದು ರೋಗ, ಕ್ಷಯದಂತಹ ಸೋಂಕುಗಳನ್ನು ತಡೆಯಲು ಇದು ಅಗತ್ಯ. ಜೊತೆಗೆ ಮೊಸರು ಗಟ್ಟಿಯಾಗಿ, ಸಸಾರಜನಕದ ನಷ್ಟ ಕಡಿಮೆಯಾಗುತ್ತದೆ.
2. ಹಾಲನ್ನು 40–42 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಬೇಕು. ಶುಚಿಯಾದ ಬೆರಳಿಗೆ ಹಿತವಾದ ಬಿಸಿ ತಾಗಿದರೆ ಸಾಕು.
3. ಹುಳಿಯಾಗದ, ಹಿಂದಿನ ದಿನದ ಒಳ್ಳೆಯ ಮೊಸರನ್ನು ಲೀಟರಿಗೆ 20 ಗ್ರಾಂ, ಅಂದರೆ ಸುಮಾರು ಒಂದು ದೊಡ್ಡ ಚಮಚದಷ್ಟು, ಹೆಪ್ಪಾಗಿ ಬೆರೆಸಬೇಕು.
4. ಐದರಿಂದ ಏಳು ಗಂಟೆಗಳಲ್ಲಿ ಮೊಸರು ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಕೂಡಲೇ ತಣ್ಣಗಿನ ಜಾಗಕ್ಕೆ ಸ್ಥಳಾಂತರಿಸಬೇಕು. ತಡವಾದಷ್ಟೂ ಹುಳಿ ಏರುತ್ತದೆ.
5. ತೆಳುವಾದ ಬಿಳಿ ಹತ್ತಿ ಬಟ್ಟೆಯನ್ನು 10 ನಿಮಿಷ ನೀರಿನಲ್ಲಿ ಕುದಿಸಿ, ಹಿಂಡಿ, ಜರಡಿಯ ಮೇಲೆ ಎರಡು ಮಡಿಕೆಯಾಗಿ ಹಾಸಬೇಕು. ಮೊಸರನ್ನು ಕಡೆಯದೆ ಸೌಟಿನಿಂದ ಅದಕ್ಕೆ ಹಾಕಿ, ಗಂಟು ಕಟ್ಟಿ, ಕೆಳಗೆ ಪಾತ್ರೆಯಿಟ್ಟು ಬಸಿಯಲು ಬಿಡಬೇಕು.
6. ನಾಲ್ಕು ಗಂಟೆಗೆ ಮೃದುವಾದ ಮೊಸರು, ಎಂಟರಿಂದ ಹತ್ತು ಗಂಟೆಗೆ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾದ ಮೊಸರು ದೊರೆಯುತ್ತದೆ. ಗಂಟನ್ನು ಕೈಯಿಂದ ಹಿಂಡಬಾರದು.
7. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಗಳನ್ನೇ ಬಳಸಬೇಕು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳು ಹುಳಿಗೆ ಸೂಕ್ತವಲ್ಲ.

ಬೇಸಿಗೆಯಲ್ಲಿ ಹಾಗೂ ಫ್ರಿಜ್ ಇಲ್ಲದ ಮನೆಗಳಲ್ಲಿ

ಮಾರ್ಚ್‌ನಿಂದ ಮೇ ತಿಂಗಳವರೆಗೆ ಕೋಣೆಯ ಬಿಸಿಯಲ್ಲಿ ಮೊಸರನ್ನು ಬಸಿಯಲು ಬಿಟ್ಟರೆ ಗಟ್ಟಿಯಾಗುವ ಮುನ್ನವೇ ಹುಳಿಯಾಗುತ್ತದೆ. ಫ್ರಿಜ್ ಇದ್ದಲ್ಲಿ ಜರಡಿ ಸಮೇತ ಅದರೊಳಗಿಟ್ಟು 10–12 ಗಂಟೆ ಬಸಿಯಬೇಕು. ಇಲ್ಲವಾದಲ್ಲಿ ಅಗಲ ಬಾಯಿಯ ಮಣ್ಣಿನ ಮಡಕೆಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಹೊರಮೈಗೆ ಒದ್ದೆ ಗೋಣಿಚೀಲ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಟ್ಟು ರಾತ್ರಿಯ ಹೊತ್ತು ಅದರೊಳಗೆ ಬಸಿಯಬೇಕು. ಶಿರಾ, ಪಾವಗಡದ ಒಣ ಗಾಳಿಯಲ್ಲಿ ಮಡಕೆ ಚೆನ್ನಾಗಿ ತಂಪಾಗುತ್ತದೆ. ಹೀಗೆ ತಯಾರಿಸಿದ್ದನ್ನು ಅದೇ ದಿನ ಬಳಸಬೇಕು. ಫ್ರಿಜ್‌ನಲ್ಲಿ ಮುಚ್ಚಿಟ್ಟದ್ದು ನಾಲ್ಕೈದು ದಿನ ಉಳಿಯುತ್ತದೆ.

ಬಡಿಸುವ ಕ್ರಮ

ಒಬ್ಬರಿಗೆ 100 ಗ್ರಾಂ, ಅಂದರೆ ಸಣ್ಣ ಬಟ್ಟಲಿನಷ್ಟು ಸಾಕು. ಚಮಚದಿಂದ ಚೆನ್ನಾಗಿ ತಿರುವಿ ನುಣುಪಾಗಿಸಿ, ಏಲಕ್ಕಿ ಪುಡಿ ಅಥವಾ ಚಿಟಿಕೆ ಜಾಯಿಕಾಯಿ ಸೇರಿಸಿ, ಈ ಕೆಳಗಿನವುಗಳಲ್ಲಿ ಒಂದನ್ನು ಬೆರೆಸಬಹುದು.

• ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ, ಎರಡು ಚಮಚ. ಬಣ್ಣಗೆಟ್ಟ, ಸುಕ್ಕುಗಟ್ಟಿದ ಬೀಜಗಳನ್ನು ಆರಿಸಿ ತೆಗೆಯಬೇಕು.
• ಹಸಿ ತೆಂಗಿನ ತುರಿ, ಎರಡು ಚಮಚ.
• ದಾಳಿಂಬೆ ಕಾಳು, ಎರಡು ಚಮಚ. ಇದರಿಂದ ಸುಮಾರು 4 ಗ್ರಾಂ ಸಕ್ಕರೆ ಸೇರುತ್ತದೆ.
• ಸಣ್ಣಗೆ ಹೆಚ್ಚಿದ, ಪೂರ್ಣ ಹಣ್ಣಾಗದ ಸೀಬೆ, ಕಾಲು ಭಾಗ.

ಬೆಲ್ಲ ಅಥವಾ ಜೇನುತುಪ್ಪ ಹಾಕಿದರೆ ತೊಂದರೆಯಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಹತ್ತು ಗ್ರಾಂ ಬೆಲ್ಲದಲ್ಲಿ ಸುಮಾರು 9 ಗ್ರಾಂ ಸಕ್ಕರೆಯೇ ಇರುತ್ತದೆ. ಅಷ್ಟನ್ನು ಸೇರಿಸಿದರೆ ಬಟ್ಟಲಿನ ಶರ್ಕರಪಿಷ್ಟ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಬಾಳೆಹಣ್ಣು, ಸೀತಾಫಲ, ಒಣದ್ರಾಕ್ಷಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಊಟವನ್ನು ಒಟ್ಟಾಗಿ ನೋಡುವುದು ಮುಖ್ಯ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿಯೇ 67–72 ಗ್ರಾಂ ಶರ್ಕರಪಿಷ್ಟವಿರುತ್ತದೆ. ಎರಡು ಮುದ್ದೆ, ಮೇಲೆ ಅನ್ನ ಉಂಡು ಕೊನೆಗೆ ಗಟ್ಟಿ ಮೊಸರು ತಿಂದರೆ ಊಟದ ಭಾರ ಇಳಿಯುವುದಿಲ್ಲ. ಸಿಹಿಯ ಬದಲಿಗೆ ಇದನ್ನು ಬಡಿಸಿ, ಮುದ್ದೆ ಮತ್ತು ಅನ್ನವನ್ನು ಮಿತಗೊಳಿಸಿ, ಸೊಪ್ಪು ಹಾಗೂ ಕಾಳನ್ನು ಹೆಚ್ಚಿಸಿದಾಗ ಮಾತ್ರ ಪ್ರಯೋಜನ ಕಾಣುತ್ತದೆ.

ತಿಳಿನೀರನ್ನು ಚೆಲ್ಲಬೇಡಿ

ಮೊಸರು ಹುಳಿಯಾದಾಗ ಹಾಲಿನ ಕ್ಯಾಲ್ಸಿಯಂ ಕರಗಿ ನೀರಿಗೆ ಸೇರುತ್ತದೆ. ಆದ್ದರಿಂದ ಬಸಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿನೀರಿನ ಪಾಲಾಗುತ್ತದೆ. ಪಾವಗಡ ತಾಲ್ಲೂಕು ಹಾಗೂ ಸುತ್ತಲಿನ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ, ಕುಡಿಯುವ ನೀರಿಗೆ ನಿಗದಿಯಾದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಅನ್ನು ಮೀರಿದೆ. ಹಲ್ಲು, ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡನ್ನು ದೇಹ ಹೀರಿಕೊಳ್ಳುವ ಪ್ರಮಾಣವು ಆಹಾರದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದಾಗ ತಗ್ಗುತ್ತದೆ. ಶುದ್ಧೀಕರಿಸಿದ ನೀರನ್ನು ಕುಡಿಯುವುದೇ ಮೊದಲ ಪರಿಹಾರ. ಆಹಾರದ ಕ್ಯಾಲ್ಸಿಯಂ ಅದಕ್ಕೆ ನೆರವು ಮಾತ್ರ. ಆದರೂ ಮಕ್ಕಳಿರುವ ಮನೆಯಲ್ಲಿ ಈ ನೆರವನ್ನು ಬಚ್ಚಲಿಗೆ ಸುರಿಯುವುದು ಸಲ್ಲದು.

ಬಳಕೆಯ ವಿಧಾನಗಳು:

• ಆರಿದ ರಾಗಿ ಅಂಬಲಿಗೆ ಮಜ್ಜಿಗೆಯ ಬದಲು ಬೆರೆಸುವುದು.
• ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ ಸೇರಿಸಿ ಪಾನೀಯವಾಗಿ ಕುಡಿಯುವುದು.
• ರೊಟ್ಟಿ, ಚಪಾತಿಯ ಹಿಟ್ಟು ಕಲಸಲು ಹಾಗೂ ಸೊಪ್ಪಿನ ಸಾರಿಗೆ ಹುಳಿಯ ಬದಲು ಬಳಸುವುದು.

ಒಂದು ಲೋಟ, ಅಂದರೆ 200 ಮಿಲಿ ಲೀಟರ್ ತಿಳಿನೀರಿನಲ್ಲಿ 7–8 ಗ್ರಾಂ ಹಾಲಿನ ಸಕ್ಕರೆಯಿರುತ್ತದೆ. ಆದ್ದರಿಂದ ಗಟ್ಟಿ ಮೊಸರು ಮಧುಮೇಹಿಗಳಿಗೆ, ತಿಳಿನೀರು ಮಕ್ಕಳಿಗೆ ಮತ್ತು ಹೊಲದಲ್ಲಿ ದುಡಿಯುವವರಿಗೆ ಎಂಬ ಹಂಚಿಕೆ ಸೂಕ್ತ. ಅದೇ ದಿನ ಬಳಸಿ ಮುಗಿಸಬೇಕು. ಹೆಚ್ಚು ಪ್ರಮಾಣದ ತಿಳಿನೀರನ್ನು ಚರಂಡಿ, ಕೆರೆ ಅಥವಾ ಗಿಡದ ಬುಡಕ್ಕೆ ಬಿಡಬಾರದು.

ಯಾರು ಎಚ್ಚರ ವಹಿಸಬೇಕು?

• ಇನ್ಸುಲಿನ್ ಅಥವಾ ಮಾತ್ರೆ ಪಡೆಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಊಟದ ಪ್ರಮಾಣವನ್ನು ದಿಢೀರನೆ ಇಳಿಸಬಾರದು. ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು.
• ಮೂತ್ರಪಿಂಡದ ಕಾಯಿಲೆ ಇರುವವರಿಗೆ ಸಸಾರಜನಕದ ಮಿತಿ ಇರುತ್ತದೆ. ವೈದ್ಯರನ್ನು ಕೇಳಿಯೇ ತಿನ್ನಬೇಕು.
• ತೂಕ ಇಳಿಸಬೇಕಾದವರು ಹಾಲು ಕಾಯಿಸಿ ಆರಿಸಿದ ನಂತರ ಕೆನೆ ತೆಗೆದು ಹೆಪ್ಪು ಹಾಕಬೇಕು.

ಗಟ್ಟಿ ಮೊಸರು ಔಷಧಿಯಲ್ಲ. ಇದನ್ನು ತಿನ್ನುವ ಕಾರಣಕ್ಕೆ ಮಾತ್ರೆ ನಿಲ್ಲಿಸುವುದು ಅಪಾಯಕರ.

ಮಾರಾಟ ಮಾಡುವವರಿಗೆ

ಒಂದು ಕಿಲೋ ಗಟ್ಟಿ ಮೊಸರಿಗೆ ಸುಮಾರು ಎರಡೂವರೆ ಲೀಟರ್ ಹಾಲು ಬೇಕು. ಬೆಲೆ ನಿಗದಿ ಮಾಡುವಾಗ ಆ ಹಾಲಿಗೆ ಸಂಘದಲ್ಲಿ ದೊರೆಯುತ್ತಿದ್ದ ದರ, ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಸಿಗುವ ಸರ್ಕಾರದ ಪ್ರೋತ್ಸಾಹಧನ, ಸೌದೆ ಅಥವಾ ಅನಿಲ, ಡಬ್ಬಿ ಮತ್ತು ಸ್ವಂತ ದುಡಿಮೆ ಎಲ್ಲವನ್ನೂ ಕೂಡಿಸಬೇಕು. ಈ ಲೆಕ್ಕದಲ್ಲಿ ಉಳಿತಾಯ ಕಾಣದಿದ್ದರೆ ಹಾಲನ್ನು ಸಂಘಕ್ಕೆ ಹಾಕುವುದೇ ಲೇಸು. ಮಾರಾಟಕ್ಕೆ ಮುನ್ನ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ತಯಾರಿಸಿದ ದಿನಾಂಕ, ಬಳಕೆಯ ಅವಧಿ ಮತ್ತು ತೂಕ ನಮೂದಿಸಬೇಕು. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬಂತಹ ಬರಹ ಕಾನೂನುಬಾಹಿರ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದರೆ ಅದು ನಿಜವಾಗಿರಬೇಕು. ಕೊಳ್ಳುವವರ ಆರೋಗ್ಯ ಆ ಮಾತನ್ನು ನಂಬಿರುತ್ತದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

• ಅತಿ ಹುಳಿ: ಹೆಪ್ಪು ಹೆಚ್ಚಾಗಿದೆ ಅಥವಾ ಬಿಸಿ ಜಾಗದಲ್ಲಿ ಬಸಿಯಲಾಗಿದೆ. ಹೆಪ್ಪು ತಗ್ಗಿಸಿ, ತಂಪಿನಲ್ಲಿ ಬಸಿಯಬೇಕು.
• ತರಿತರಿಯಾಗುವುದು: ಹಾಲು ಹೆಚ್ಚು ಬಿಸಿ ಇರುವಾಗ ಹೆಪ್ಪು ಹಾಕಲಾಗಿದೆ.
• ತಿಳಿನೀರು ಬಿಳಿಯಾಗಿ ಇಳಿಯುವುದು: ಮೊಸರು ಪೂರ್ಣ ಹೆಪ್ಪುಗಟ್ಟಿಲ್ಲ, ಅಥವಾ ಬಟ್ಟೆಯ ನೇಯ್ಗೆ ಸಡಿಲವಾಗಿದೆ. ತಿಳಿನೀರು ಹಸಿರು ಮಿಶ್ರಿತ ಹಳದಿ ಬಣ್ಣದಲ್ಲಿ ತಿಳಿಯಾಗಿರಬೇಕು.
• ನೊರೆ, ಕೆಟ್ಟ ವಾಸನೆ, ಲೋಳೆ: ಪಾತ್ರೆ ಅಥವಾ ಬಟ್ಟೆ ಶುಚಿಯಾಗಿಲ್ಲ. ಅಂತಹದನ್ನು ತಿನ್ನದೆ ಎಸೆದು, ಬೇರೆ ಮನೆಯಿಂದ ಹೊಸ ಹೆಪ್ಪು ತರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸ್ತ್ರೀಶಕ್ತಿ ಗುಂಪುಗಳಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಒಂದು ಲೀಟರ್ ಹಾಲಿನಿಂದ ಬಂದ ಗಟ್ಟಿ ಮೊಸರು ಮತ್ತು ತಿಳಿನೀರನ್ನು ಎದುರಿನಲ್ಲಿಯೇ ತೂಗಿ, ಅಳೆದು ತೋರಿಸಿ. ಪಕ್ಕದಲ್ಲಿ ಒಂದು ಬಟ್ಟಲು ಶ್ರೀಖಂಡಕ್ಕೆ ಬೇಕಾಗುವ ಸಕ್ಕರೆಯನ್ನು ತಟ್ಟೆಯಲ್ಲಿಡಿ. ವ್ಯತ್ಯಾಸ ಕಣ್ಣಿಗೆ ಕಂಡರೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ. ಗ್ರಾಮದ ನೀರಿನ ಫ್ಲೋರೈಡ್ ಪರೀಕ್ಷಾ ವರದಿಯನ್ನು ಜೊತೆಗೆ ಒಯ್ದು, ತಿಳಿನೀರಿನ ಬಳಕೆಯನ್ನು ಅದೇ ಸಭೆಯಲ್ಲಿ ವಿವರಿಸಿ. ಹೆಚ್ಚಿನ ತರಬೇತಿಗೆ ಆಸಕ್ತರು ತಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.